ಕನ್ನಡಕ ಇದ್ರೆ ಪೈಲಟ್ ಆಗಕ್ಕಾಗಲ್ವಾ?

"ಸರ್, ಮಗಳು ಸೆಕೆಂಡ್ ಪಿಯುಸಿ, ಪಿಸಿಎಂ. ಪೈಲಟ್ ಆಗ್ಬೇಕು ಅಂತ ಹಠ. ಆದ್ರೆ ಕಣ್ಣಿಗೆ ಮೈನಸ್ ಎರಡೂವರೆ ಇದೆ. ಆಸೆ ಬಿಟ್ಬಿಡಮ್ಮ ಅಂತ ಹೇಳ್ಬಿಡ್ಲಾ?"

ಹೇಳ್ಬೇಡಿ. ದಯವಿಟ್ಟು ಹೇಳ್ಬೇಡಿ. ಬೆಂಗಳೂರಿನ ಜಕ್ಕೂರು ಕಡೆ ಪೈಲಟ್ ಆಗೋರಿಗೆ ಗ್ರೌಂಡ್ ಕ್ಲಾಸ್ (ಥಿಯರಿ ಪಾಠ) ತಗೊಳ್ಳೋ ನನಗೆ ಪ್ರತಿ ಬ್ಯಾಚಲ್ಲೂ ಇದೇ ಪ್ರಶ್ನೆ, ಈ ಸಲ ಬರೆದೇ ಇಟ್ಬಿಡ್ತೀನಿ.

ಏರ್‌ಲೈನ್ ಪೈಲಟ್‌ಗೆ ಬೇಕಾಗಿರೋದು ಕ್ಲಾಸ್ 1 ಮೆಡಿಕಲ್, ಅಂದ್ರೆ ಪೈಲಟ್‌ಗಳ ಆರೋಗ್ಯ ತಪಾಸಣೆಯಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಿನದ್ದು. ಐಕಾವೊ (ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ) ರೂಲ್ ಪ್ರಕಾರ ದೂರದ ದೃಷ್ಟಿ ಒಂದೊಂದು ಕಣ್ಣಿಗೆ 6/9 (ಸ್ವಲ್ಪ ಕಮ್ಮಿ), ಎರಡೂ ಸೇರಿ 6/6 (ಸರಿಯಾದ ದೃಷ್ಟಿ) ಬರ್ಬೇಕು, ಕನ್ನಡಕ ಹಾಕ್ಕೊಂಡು ಬಂದ್ರೂ ಸರಿ, ಹಾಕದೆ ಬಂದ್ರೂ ಸರಿ. ಅಮೆರಿಕದಲ್ಲಿ ಒಂದೊಂದು ಕಣ್ಣಿಗೂ 6/6 ಕೇಳ್ತಾರೆ, ಅಲ್ಲೂ ಕನ್ನಡಕ ಹಾಕ್ಕೊಂಡೇ ನೋಡಬಹುದು. ಪವರ್ ತುಂಬಾ ಜಾಸ್ತಿ ಇದ್ರೆ ಕಣ್ಣಿನ ಸ್ಪೆಷಲಿಸ್ಟ್ ರಿಪೋರ್ಟ್ ಕೇಳ್ತಾರೆ. ಇನ್ನೊಂದು ಷರತ್ತು, ಹಾರುವಾಗ ಸ್ಪೇರ್ ಕನ್ನಡಕ ಒಂದು ಕೈಗೆ ಸಿಗೋ ಹಾಗೆ ಇಟ್ಕೊಂಡಿರ್ಬೇಕು. ಸ್ಪೇರ್ ಕನ್ನಡಕಕ್ಕೇ ರೂಲ್ ಮಾಡಿದಾರೆ ಅಂದ್ರೆ ಕನ್ನಡಕ ಹಾಕೋ ಪೈಲಟ್‌ಗಳು ಇದಾರೆ ಅಂತ ತಾನೇ ಅರ್ಥ?

ಹಾಗಾದ್ರೆ ಈ ಮಾತು ಎಲ್ಲಿಂದ ಬಂತು? ಏರ್‌ಫೋರ್ಸಿಂದ. ನಮ್ಮೂರಲ್ಲಿ ಜಾಲಹಳ್ಳಿ, ಯಲಹಂಕ, ಎಚ್‌ಎಎಲ್ ಅಂತ ಯಾವ ಕಡೆ ಹೋದ್ರೂ ಏರ್‌ಫೋರ್ಸ್ ನಂಟು ಇರೋ ಒಬ್ಬ ದೊಡ್ಡಪ್ಪನೋ ಮಾವನೋ ಸಿಗ್ತಾರೆ, ಅವರ ಕಾಲದಲ್ಲಿ ಯಾರನ್ನೋ ಕಣ್ಣಿನ ಟೆಸ್ಟಲ್ಲಿ ವಾಪಸ್ ಕಳಿಸಿದ್ದನ್ನ ಕಣ್ಣಾರೆ ಕಂಡಿರ್ತಾರೆ, ಅವರು ಹೇಳೋದು ಸುಳ್ಳಲ್ಲ, ಆದ್ರೆ ಅದು ಏರ್‌ಫೋರ್ಸ್ ವಿಷಯ. ಫೈಟರ್ ವಿಮಾನ ಜೋರಾಗಿ ತಿರುಗಿದಾಗ 8 ಜಿ ಬಂದ್ರೆ, ಅಂದ್ರೆ ಎಲ್ಲದರ ತೂಕ ಎಂಟು ಪಟ್ಟಾದ್ರೆ, 25 ಗ್ರಾಂ ಕನ್ನಡಕ ಮೂಗಿನ ಮೇಲೆ 200 ಗ್ರಾಂ ಆಗಿ ಕೂರುತ್ತೆ, ಮೇಲೆ ಹೆಲ್ಮೆಟ್ಟು, ಮಾಸ್ಕು, ಸೀಟ್ ಸಮೇತ ಹೊರಗೆ ಹಾರೋ ಪ್ರಸಂಗ ಬೇರೆ. ಹುಬ್ಬಳ್ಳಿಗೆ ಜನರನ್ನ ಕರ್ಕೊಂಡು ಹೋಗೋ ಏರ್‌ಬಸ್ಸಲ್ಲಿ ಇದ್ಯಾವುದೂ ಇಲ್ಲ. ಗೊಂದಲಕ್ಕೆ ಇನ್ನೊಂದು ಕಾರಣನೂ ಇದೆ. ಸಿವಿಲ್ ಹುಡುಗರ ಮೊದಲ ಕ್ಲಾಸ್ 1 ಮೆಡಿಕಲ್ ಮಾಡೋ ಜಾಗಗಳಲ್ಲಿ ನಮ್ಮ ಏರ್‌ಫೋರ್ಸಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ನೂ ಒಂದು. ಬಿಲ್ಡಿಂಗ್ ಒಂದೇ, ರೂಲ್‌ಬುಕ್ ಬೇರೆ.

ಇಷ್ಟಾದ್ರೂ ನಂಬಿಕೆ ಬರದಿದ್ರೆ ವಯಸ್ಸಿನ ಲೆಕ್ಕ ನೋಡಿ. ಏರ್‌ಲೈನ್ ಪೈಲಟ್‌ಗಳು 65ರ ತನಕ ಹಾರಬಹುದು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಓದೋಕೆ ಕನ್ನಡಕ ಬೇಕಾಗೋದು ಎಲ್ಲರ ಮನೆ ಕತೆ. ಕನ್ನಡಕ ಕಂಡ ತಕ್ಷಣ ಲೈಸೆನ್ಸ್ ಕಿತ್ಕೊಂಡ್ರೆ ಅನುಭವ ಇರೋ ಕ್ಯಾಪ್ಟನ್‌ಗಳೇ ಉಳಿಯಲ್ಲ.

ಸಂಬಳ, ಕೆಲಸದ ವಿಷಯ ಬೇಗ ಹೇಳ್ತೀನಿ. ಇಲ್ಲಿ 200 ಗಂಟೆ ಹಾರಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ತಗೋಬಹುದು, ಖರ್ಚು ಅರ್ಧ ಕೋಟಿ ಆಸುಪಾಸು, ಟೈಪ್ ರೇಟಿಂಗ್‌ಗೆ (ಒಂದು ಮಾದರಿ ವಿಮಾನ ಹಾರಿಸೋ ಅರ್ಹತೆಗೆ) ಮತ್ತೆ ಲಕ್ಷಗಟ್ಟಲೆ, ಆಮೇಲೆ ಕೋ-ಪೈಲಟ್ ಕೆಲಸಕ್ಕೆ ಅಪ್ಲೈ ಮಾಡೋದು. ಲೈಸೆನ್ಸ್ ಬಂದ್ರೆ ಕೆಲಸ ಬಂದ ಹಾಗೆ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ, ಏರ್‌ಲೈನ್‌ಗಳು ಯಾವಾಗ ತಗೊಳ್ತಾರೋ ಆವಾಗ್ಲೇ, ಅದಕ್ಕೆ ಕಾಯ್ತಾ ಕೂತಿರೋರನ್ನ ನಾನು ನೋಡಿದೀನಿ. ಅಮೆರಿಕದಲ್ಲಿ ಸರ್ಕಾರದ ಲೆಕ್ಕದಲ್ಲೇ 2023ರಲ್ಲಿ ಏರ್‌ಲೈನ್ ಪೈಲಟ್‌ಗಳಲ್ಲಿ ಅರ್ಧ ಜನಕ್ಕೆ ವರ್ಷಕ್ಕೆ 2,19,140 ಡಾಲರ್‌ಗಿಂತ ಜಾಸ್ತಿ ಸಂಬಳ, ಆದ್ರೆ ಅಲ್ಲಿ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಬೇಕು (2009ರಲ್ಲಿ ಬಫಲೋ ಹತ್ರ ಆದ ಅಪಘಾತದ ಮೇಲೆ ಬಂದ ಕಾನೂನು, 2013ರಿಂದ ಜಾರಿ), ಜೊತೆಗೆ ಅಲ್ಲಿ ಕೆಲಸ ಮಾಡೋ ಹಕ್ಕೂ ಇರ್ಬೇಕು. ದುಬೈ ಕಡೆ ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಆದ್ರೆ ಹೊರಗಿಂದ ಹೋಗೋರ ಹತ್ರ ಅನುಭವ ಕೇಳ್ತಾರೆ. ಹೊರದೇಶದಲ್ಲಿ ಲೈಸೆನ್ಸ್ ಮಾಡ್ಕೊಂಡು ಬಂದ್ರೆ ಇಲ್ಲಿ ಡಿಜಿಸಿಎ (ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಇಲಾಖೆ) ಪರೀಕ್ಷೆ ಬರೆದು ಕನ್ವರ್ಟ್ ಮಾಡಿಸ್ಬೇಕು, ಅದನ್ನೂ ಲೆಕ್ಕಕ್ಕೆ ಹಿಡೀರಿ.

ಈಗ ಯಾರೂ ಕೇಳದೇ ಇರೋದು, ನನಗೆ ನಿಜವಾಗ್ಲೂ ಚಿಂತೆ ಆಗೋದು, ಬಣ್ಣ. ಪವರ್ ಬಗ್ಗೆ ನೂರು ಜನ ಕೇಳ್ತಾರೆ, ಕಲರ್ ವಿಷನ್ ಬಗ್ಗೆ ಒಬ್ರೂ ಕೇಳಲ್ಲ. ಪವರ್‌ಗೆ ಕನ್ನಡಕ ಇದೆ, ಕೆಂಪು-ಹಸಿರು ಗೊತ್ತಾಗದೇ ಇರೋದಕ್ಕೆ ಮೆಡಿಕಲ್‌ನಲ್ಲಿ ಒಪ್ಪೋ ಕನ್ನಡಕ ಇಲ್ಲ. ರನ್‌ವೇ ಪಕ್ಕ ನಾಲ್ಕು ದೀಪ ಇರುತ್ತೆ, ಪಾಪಿ (PAPI) ಅಂತಾರೆ. ಎರಡು ಬಿಳಿ ಎರಡು ಕೆಂಪು ಕಂಡ್ರೆ ಎತ್ತರ ಸರಿ, ನಾಲ್ಕೂ ಕೆಂಪು ಅಂದ್ರೆ ತುಂಬಾ ಕೆಳಗಿದೀರಿ. ರೇಡಿಯೋ ಕೆಟ್ಟಾಗ ಟವರ್‌ನವರು ದೀಪ ತೋರಿಸ್ತಾರೆ, ಹಸಿರು ಆರದೆ ಉರೀತಿದ್ರೆ ಇಳೀಬಹುದು, ಕೆಂಪು ಹಾಗೇ ಉರೀತಿದ್ರೆ ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತು ಹಾಕ್ತಿರ್ಬೇಕು. ಅಮೆರಿಕದವರು 2025 ಜನವರಿಯಿಂದ ಹೊಸಬರಿಗೆ ಬಣ್ಣದ ಟೆಸ್ಟನ್ನ ಕಂಪ್ಯೂಟರ್‌ನಲ್ಲೇ ಮಾಡ್ತಿದಾರೆ. ಈ ತೊಂದರೆ ಹೆಣ್ಮಕ್ಕಳಿಗಿಂತ ಗಂಡು ಮಕ್ಕಳಲ್ಲಿ ತುಂಬಾ ಜಾಸ್ತಿ, ಸಾಮಾನ್ಯವಾಗಿ ತಾಯಿ ಕಡೆಯಿಂದ ಬರುತ್ತೆ, ಹುಡುಗನಿಗೆ ಗೊತ್ತೇ ಇರಲ್ಲ.

ಅದಕ್ಕೇ ಫ್ಲೈಯಿಂಗ್ ಸ್ಕೂಲಿಗೆ ಒಂದು ರೂಪಾಯಿ ಕಟ್ಟೋಕೆ ಮುಂಚೆ ಹತ್ತಿರದ ಕಣ್ಣಿನ ಡಾಕ್ಟರ್ ಹತ್ರ ಹೋಗಿ ಇಶಿಹಾರ ಪುಸ್ತಕ ತೋರಿಸಿ ಅಂತ ಕೇಳಿ, ಚುಕ್ಕೆಗಳ ಮಧ್ಯೆ ಅಂಕಿ ಓದೋದು, ಐದು ನಿಮಿಷದ ಕೆಲಸ. ಅದಾದ ಮೇಲೆ ಕ್ಲಾಸ್ 2 ಮೆಡಿಕಲ್ (ಕ್ಲಾಸ್ 1ಕ್ಕಿಂತ ಸರಳವಾದದ್ದು), ಆಮೇಲೆ ಕ್ಲಾಸ್ 1, ಅದೆಲ್ಲ ಫಿಟ್ ಅಂತ ಬಂದ ಮೇಲೇ ಬ್ಯಾಂಕ್ ಲೋನ್ ಮಾತು. ಮೈನಸ್ ಎರಡೂವರೆ ಮಗಳಿಗೂ ಇದೇ ದಾರಿ, ಅವಳು ಒಂದು ಜೊತೆ ಕನ್ನಡಕ ಜಾಸ್ತಿ ಮಾಡಿಸ್ಕೊಂಡ್ರೆ ಆಯ್ತು.