ಬೀದಿ ಗುಡಿಸಿದ ಲಾಭ ಯಾರ ಲೆಕ್ಕಕ್ಕೆ? ವ್ಯಾಪಾರ ಪ್ರದೇಶದ ವಿಶೇಷ ಅಸೆಸ್‌ಮೆಂಟ್ ಬಗ್ಗೆ ಅಧ್ಯಯನ ಟಿಪ್ಪಣಿ

ಈ ಪಾಠದಲ್ಲಿ ನಾನು ಮೊದಲು ಎಡವಿದ್ದು ಒಂದೇ ಒಂದು ಪದದಲ್ಲಿ. ಕಿರುಪರೀಕ್ಷೆಯಲ್ಲಿ ವಿಶೇಷ ಅಸೆಸ್‌ಮೆಂಟ್ ಅಂದರೆ ಏನು ಅನ್ನುವ ಪ್ರಶ್ನೆಗೆ "ವ್ಯಾಪಾರ ಪ್ರದೇಶದ ಆಸ್ತಿಗಳ ಮೇಲೆ ಹಾಕುವ ಹೆಚ್ಚುವರಿ ತೆರಿಗೆ" ಅಂತ ಬರೆದಿದ್ದೆ. "ತೆರಿಗೆ" ಪದದ ಸುತ್ತ ಕೆಂಪು ಶಾಯಿಯ ಸುತ್ತು ಬಿತ್ತು, ಅರ್ಧ ಮಾರ್ಕ್ಸ್ ಹೋಯಿತು. ಇಷ್ಟಕ್ಕೆಲ್ಲ ಮಾರ್ಕ್ಸ್ ಕಡಿಯಬೇಕಾ ಅಂತ ಸಿಟ್ಟು ಬಂದಿತ್ತು. ಆಮೇಲೆ ಓದುತ್ತಾ ಹೋದಂತೆ ಗೊತ್ತಾಯಿತು, ಇಡೀ ಪಾಠ ಇರುವುದೇ ಆ ಕೆಂಪು ಸುತ್ತಿನೊಳಗೆ.

ತೆರಿಗೆ ಕಟ್ಟಿದರೆ ಹಣ ನಗರದ ದೊಡ್ಡ ಖಜಾನೆಗೆ ಹೋಗುತ್ತದೆ. ಅದರಿಂದ ನಿಮಗೇ ಇಂಥದ್ದು ಸಿಗುತ್ತದೆ ಅನ್ನುವ ಮಾತು ಯಾರೂ ಕೊಡುವುದಿಲ್ಲ. ಅಸೆಸ್‌ಮೆಂಟ್ ಹಾಗಲ್ಲ. "ಈ ಕೆಲಸದಿಂದ ನಿಮ್ಮ ಆಸ್ತಿಗೆ ಇಷ್ಟು ಲಾಭ, ಅದಕ್ಕೆ ನಿಮ್ಮ ಪಾಲು ಇಷ್ಟು" ಅಂತ ಲೆಕ್ಕ ತೋರಿಸಿ ಕೇಳುವ ಹಣ ಅದು. ಲಾಭ ಇಲ್ಲ ಅಂದರೆ ಕೇಳುವ ಹಕ್ಕೂ ಇಲ್ಲ. ಪಾಲಿಗಿಂತ ಜಾಸ್ತಿ ಕೇಳಿದರೆ ಅದು ಸುಮ್ನೆ ವೇಷ ಹಾಕಿದ ತೆರಿಗೆ.

ಇನ್ನೊಂದು ಗೊಂದಲವನ್ನು ಇಲ್ಲೇ ಮುಗಿಸಿಬಿಡೋಣ. ಆಸ್ತಿಯ ಬೆಲೆ ಕಟ್ಟುವುದಕ್ಕೂ ಅಸೆಸ್‌ಮೆಂಟ್ ಅನ್ನುತ್ತಾರೆ. ನಮ್ಮ ಪಾಠದ್ದು ಅದಲ್ಲ. ಇಲ್ಲಿ ಅಸೆಸ್‌ಮೆಂಟ್ ಅಂದರೆ ಆಸ್ತಿಯ ಮೇಲೆ ಹೊರಿಸುವ ಪಾಲಿನ ಹಣ.

ಪೈಪಿನಿಂದ ಪೊರಕೆಗೆ

ವಿಶೇಷ ಅಸೆಸ್‌ಮೆಂಟ್ ಹಳೆಯ ಉಪಾಯ. ಅಮೆರಿಕದ ನಗರಗಳು 19ನೇ ಶತಮಾನದಲ್ಲೇ ರಸ್ತೆ, ಒಳಚರಂಡಿ, ಫುಟ್‌ಪಾತ್ ಮಾಡಿಸಲು ಇದನ್ನು ಧಾರಾಳವಾಗಿ ಬಳಸಿದವು. ನಿಮ್ಮ ಮನೆ ಮುಂದೆ ಫುಟ್‌ಪಾತ್ ಹಾಕಿದರು, ನಿಮ್ಮ ನಿವೇಶನ ರಸ್ತೆಗೆ ಎಷ್ಟು ಅಡಿ ತಾಗುತ್ತದೋ ಅಷ್ಟರ ಖರ್ಚು ನಿಮ್ಮದು. ಟೇಪು ಹಿಡಿದು ಅಳೆಯಬಹುದಾದ ಲೆಕ್ಕ.

ವ್ಯಾಪಾರ ಪ್ರದೇಶಗಳಲ್ಲಿ ಬದಲಾಗಿದ್ದು ಏನೆಂದರೆ, ಅದೇ ಉಪಾಯವನ್ನು ವಸ್ತುಗಳಿಗೆ ಬದಲು ಸೇವೆಗಳಿಗೆ ಬಳಸತೊಡಗಿದರು. ಬೀದಿ ಗುಡಿಸುವುದು, ಗೋಡೆ ಮೇಲಿನ ಗೀಚು ಅಳಿಸುವುದು, ಸಮವಸ್ತ್ರದ ಕಾವಲು ಸಿಬ್ಬಂದಿ, ಹೂಕುಂಡ, ಪ್ರಚಾರ. ತೊಂದರೆ ಹುಟ್ಟುವುದೂ ಇಲ್ಲೇ. ಪೈಪು ನಿಮ್ಮ ಕಟ್ಟಡಕ್ಕೆ ಬಂದು ನಿಲ್ಲುತ್ತದೆ. ಗುಡಿಸಿದ ಬೀದಿಯ ಲಾಭ ಅಲ್ಲಿ ನಿಲ್ಲುವುದಿಲ್ಲ, ಆ ದಾರಿಯಲ್ಲಿ ನಡೆದು ಹೋದ ಯಾರಿಗೋ ಒಂದಿಷ್ಟು ಸಿಕ್ಕಿಬಿಡುತ್ತದೆ. ಅದನ್ನು ಹೇಗೆ ಅಳೆಯುತ್ತೀರಿ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಇಂಥ ಪ್ರದೇಶಕ್ಕೆ ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಬಾಯಲ್ಲಿ ಎಲ್ಲರೂ "ಬಿಡ್" ಅಂತಲೇ ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಮೊದಲನೆಯದು ಕೆನಡಾದ ಟೊರೊಂಟೊದಲ್ಲಿ, ಬ್ಲೂರ್ ವೆಸ್ಟ್ ವಿಲೇಜ್ ಅನ್ನುವ ಅಂಗಡಿ ಬೀದಿಯಲ್ಲಿ, 1970ರಲ್ಲಿ. ಮೆಟ್ರೊ ರೈಲು ಬಂದು ಬೀದಿಯ ಮೇಲಿದ್ದ ಜನರನ್ನು ನೆಲದ ಕೆಳಗೆ ಕರೆದುಕೊಂಡು ಹೋಯಿತು. ಮಿಕ್ಕವರನ್ನು ಹೊಸ ಶಾಪಿಂಗ್ ಮಾಲ್‌ಗಳು ಎಳೆದುಕೊಂಡವು. ಅಂಗಡಿಯವರು ಸೇರಿ ಬೀದಿಯನ್ನು ಚೆಂದ ಮಾಡೋಣ ಅಂದುಕೊಂಡರು. ಆದರೆ ಸ್ವಂತ ಇಷ್ಟದಿಂದ ವಂತಿಗೆ ಎತ್ತಿದರೆ ಏನಾಗುತ್ತದೆ ಗೊತ್ತಲ್ವಾ? ನಾಲ್ಕು ಜನ ಕೊಡುತ್ತಾರೆ, ಹತ್ತು ಜನ "ನೋಡೋಣ" ಅನ್ನುತ್ತಾರೆ. ದೀಪ ಹಾಕಿದ ಮೇಲೆ ಬೆಳಕು ಮಾತ್ರ ಹದಿನಾಲ್ಕು ಅಂಗಡಿಗೂ ಬೀಳುತ್ತದೆ. ಅದಕ್ಕೇ ಕಾನೂನು ಮಾಡಿಸಿಕೊಂಡು, ಗಡಿಯೊಳಗಿನ ಎಲ್ಲರೂ ಕೊಡಲೇಬೇಕು ಅಂತ ಮಾಡಿದರು. ಅರ್ಥಶಾಸ್ತ್ರದಲ್ಲಿ ಓದಿದ "ಬಿಟ್ಟಿ ಸವಾರಿ"ಯ ಸಮಸ್ಯೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1970ರ ದಶಕದಲ್ಲೇ ಇದು ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಬಂತು. ಫಿಲಡೆಲ್ಫಿಯಾದ ಸೆಂಟರ್ ಸಿಟಿ ಡಿಸ್ಟ್ರಿಕ್ಟ್ 1991ರಲ್ಲಿ ಕೆಲಸ ಶುರು ಮಾಡಿತು, ಟೈಮ್ಸ್ ಸ್ಕ್ವೇರ್‌ನದು 1992ರಲ್ಲಿ. ಈಗ ನ್ಯೂಯಾರ್ಕ್ ನಗರ ಒಂದರಲ್ಲೇ 70ಕ್ಕೂ ಹೆಚ್ಚು ಬಿಡ್‌ಗಳಿವೆ. ಇಸವಿಗಳನ್ನು ಬಾಯಿಪಾಠ ಮಾಡಬೇಡಿ, 1970 ಒಂದು ಸಾಕು.

ಕ್ಯಾಲಿಫೋರ್ನಿಯಾ: ಲೆಕ್ಕ ಬಿಗಿಯಾದ ಜಾಗ

ಓದಲು ಅತ್ಯಂತ ಉಪಯುಕ್ತ ರಾಜ್ಯ ಇದು. ಆಸ್ತಿ ಆಧಾರಿತ ಬಿಡ್‌ಗಳಿಗೆ ಅಲ್ಲಿ 1994ರಲ್ಲಿ ಕಾನೂನು ಬಂತು. ಎರಡೇ ವರ್ಷಕ್ಕೆ, 1996ರ ನವೆಂಬರ್‌ನಲ್ಲಿ, ಮತದಾರರು ಪ್ರೊಪೊಸಿಷನ್ 218 ಅನ್ನುವ, ಜನರ ಮತಕ್ಕೇ ಬಿಟ್ಟ ಪ್ರಸ್ತಾವವನ್ನು ಗೆಲ್ಲಿಸಿ ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಅದು ಹೇಳುವುದನ್ನು ಸರಳವಾಗಿ ಹೇಳಿದರೆ ಹೀಗೆ: "ವಿಶೇಷ ಲಾಭ"ಕ್ಕೆ ಮಾತ್ರ ಹಣ ಕೇಳಬಹುದು. ಊರಿಗೆಲ್ಲ ಸಿಗುವ "ಸಾಮಾನ್ಯ ಲಾಭ"ದ ಖರ್ಚನ್ನು ಬೇರೆ ಮಾಡಿ, ಬೇರೆ ಮೂಲದಿಂದ ತುಂಬಬೇಕು. "ಆಸ್ತಿಯ ಬೆಲೆ ಏರುತ್ತದೆ" ಅಂತ ಒಟ್ಟಾರೆ ಹೇಳಿದರೆ ಅದನ್ನು ವಿಶೇಷ ಲಾಭ ಅಂತ ಒಪ್ಪುವುದಿಲ್ಲ. ಇದೆಲ್ಲದಕ್ಕೂ ಎಂಜಿನಿಯರ್ ಒಬ್ಬರ ಸಹಿ ಇರುವ ವರದಿ ಬೇಕು.

ಕೊನೆಯದನ್ನು ಓದಿದಾಗ ನನಗೆ ನಗು ಬಂತು. ಸೇತುವೆ ಲೆಕ್ಕ ಹಾಕುವ ಎಂಜಿನಿಯರ್ ಇಲ್ಲಿ ಪೊರಕೆಯ ಲಾಭ ಲೆಕ್ಕ ಹಾಕಬೇಕು! ಆದರೆ ಆ ವರದಿಯೇ ಇಡೀ ವ್ಯವಸ್ಥೆಯ ಬೆನ್ನೆಲುಬು. ಅದು ಮುರಿದರೆ ನ್ಯಾಯಾಲಯದಲ್ಲಿ ಎಲ್ಲವೂ ಕುಸಿಯುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ

ಅಂಕಿಗಳು ಅರ್ಥವಾಗಲಿ ಅಂತ ನಾನೇ ಕಟ್ಟಿದವು, ವಿಧಾನ ಮಾತ್ರ ನಿಜದ್ದು. ಒಂದು ಬಿಡ್‌ನ ವರ್ಷದ ಬಜೆಟ್ 6,25,000 ಡಾಲರ್. ಅದರಲ್ಲಿ ಶೇ 4 ಸಾಮಾನ್ಯ ಲಾಭ ಅಂತ ಎಂಜಿನಿಯರ್ ಹೇಳಿದರು. ಆ 25,000 ಡಾಲರನ್ನು ದೇಣಿಗೆ, ಕಾರ್ಯಕ್ರಮದ ಆದಾಯ ಹೀಗೆ ಬೇರೆ ಕಡೆಯಿಂದ ತರಬೇಕು. ಉಳಿದ 6 ಲಕ್ಷ ಡಾಲರ್ ಆಸ್ತಿಗಳ ಮೇಲೆ ಬೀಳುತ್ತದೆ.

ಹಂಚುವುದು ಮೂರು ಅಳತೆಯಲ್ಲಿ ಅಂದುಕೊಳ್ಳಿ. ಶೇ 40 ರಸ್ತೆಗೆ ತಾಗುವ ಉದ್ದದ ಮೇಲೆ, ಶೇ 30 ನಿವೇಶನದ ವಿಸ್ತೀರ್ಣದ ಮೇಲೆ, ಶೇ 30 ಕಟ್ಟಡದ ವಿಸ್ತೀರ್ಣದ ಮೇಲೆ. ಇಡೀ ಪ್ರದೇಶದಲ್ಲಿ ರಸ್ತೆಬದಿ ಉದ್ದ 20,000 ಅಡಿ, ನಿವೇಶನಗಳು 18 ಲಕ್ಷ ಚದರ ಅಡಿ, ಕಟ್ಟಡಗಳು 36 ಲಕ್ಷ ಚದರ ಅಡಿ. ಭಾಗಿಸಿದರೆ ದರ ಬರುತ್ತದೆ: ರಸ್ತೆಬದಿಯ ಅಡಿಗೆ 12 ಡಾಲರ್, ನಿವೇಶನದ ಚದರ ಅಡಿಗೆ 10 ಸೆಂಟ್, ಕಟ್ಟಡದ ಚದರ ಅಡಿಗೆ 5 ಸೆಂಟ್.

ಈಗ ಮೂರು ಆಸ್ತಿ ನೋಡಿ.

ಮೂಲೆಯ ಒಂದಂತಸ್ತಿನ ಅಂಗಡಿ. ನಿವೇಶನ 50 ಅಡಿ, 100 ಅಡಿ, ಅಂದರೆ 5,000 ಚದರ ಅಡಿ. ಮೂಲೆಯಲ್ಲಿ ಇರುವುದರಿಂದ ಎರಡು ಬದಿಯೂ ರಸ್ತೆ, ಒಟ್ಟು 150 ಅಡಿ. ಕಟ್ಟಡ 4,500 ಚದರ ಅಡಿ. 1,800 + 500 + 225, ಒಟ್ಟು 2,525 ಡಾಲರ್.

ನಡುವಿನ ಖಾಲಿ ಪಾರ್ಕಿಂಗ್ ಜಾಗ. ನಿವೇಶನ 10,000 ಚದರ ಅಡಿ, ರಸ್ತೆಗೆ 100 ಅಡಿ, ಕಟ್ಟಡ ಇಲ್ಲ. 1,200 + 1,000, ಒಟ್ಟು 2,200 ಡಾಲರ್.

ಆಫೀಸ್ ಟವರ್. ರಸ್ತೆಗೆ 200 ಅಡಿ, ನಿವೇಶನ 40,000, ಕಟ್ಟಡ 4 ಲಕ್ಷ ಚದರ ಅಡಿ. 2,400 + 4,000 + 20,000, ಒಟ್ಟು 26,400 ಡಾಲರ್.

ಅಂಗಡಿಯ ಎರಡರಷ್ಟು ದೊಡ್ಡ ಜಾಗ ಇಟ್ಟುಕೊಂಡಿರುವ ಪಾರ್ಕಿಂಗ್ ಮಾಲೀಕ ಅಂಗಡಿಯವನಿಗಿಂತ ಕಮ್ಮಿ ಕೊಡುತ್ತಾನೆ. ಅನ್ಯಾಯ ಅನಿಸುತ್ತದೆ ಅಲ್ವಾ? ಆದರೆ ಗುಡಿಸುವವರು 150 ಅಡಿ ಗುಡಿಸುವುದು ಅಂಗಡಿಯ ಮುಂದೆ, 100 ಅಡಿ ಗುಡಿಸುವುದು ಪಾರ್ಕಿಂಗ್ ಮುಂದೆ. ಗುಡಿಸುವ ಕೆಲಸಕ್ಕೆ ರಸ್ತೆಬದಿಯ ಅಳತೆ ಸರಿ. ಪ್ರಚಾರದ ಖರ್ಚಿಗೂ ಅದೇ ಅಳತೆ ಹಾಕಿದರೆ ಸರಿಯಾ? ನನ್ನ ಪ್ರಕಾರ ಇಲ್ಲ. ಶೇ 40 ಅನ್ನು ಶೇ 20 ಮಾಡಿ ಕಟ್ಟಡದ ಪಾಲು ಹೆಚ್ಚಿಸಿ ನೋಡಿ, ಟವರಿನ ಬಿಲ್ ಹೇಗೆ ಏರುತ್ತದೆ ಅಂತ. ಸೂತ್ರ ಬರೆಯುವವರ ಕೈಯಲ್ಲಿ ಅರ್ಧ ಜಗಳ ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಆಸ್ತಿಯ ಬೆಲೆಯ ಮೇಲೆ ಯಾಕೆ ಹಾಕಬಾರದು ಅಂತ ಕೇಳಬಹುದು. ಫಿಲಡೆಲ್ಫಿಯಾದಲ್ಲಿ ಹಾಗೇ ಹಾಕುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಷನ್ 13 ಪ್ರಕಾರ, ಮಾಲೀಕ ಬದಲಾಗದೆ ಇದ್ದರೆ ತೆರಿಗೆ ಲೆಕ್ಕಕ್ಕೆ ಹಿಡಿಯುವ ಆಸ್ತಿ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಹಾಗಾಗಿ ಅಕ್ಕಪಕ್ಕದ ಎರಡು ಒಂದೇ ಥರದ ಕಟ್ಟಡಗಳ ದಾಖಲೆ ಬೆಲೆಯಲ್ಲಿ ಅಜಗಜಾಂತರ ಇರಬಹುದು. ಆ ಬೆಲೆ ಹಿಡಿದುಕೊಂಡು ಲಾಭ ಅಳೆಯಲು ಆಗುವುದಿಲ್ಲ.

ಮತದಾನ: ತಲೆ ಎಣಿಸುವುದಲ್ಲ, ಡಾಲರ್ ಎಣಿಸುವುದು

ಕ್ಯಾಲಿಫೋರ್ನಿಯಾದಲ್ಲಿ ಬಿಡ್ ಶುರು ಮಾಡಲು ಮೊದಲು ಬೇಕಾದದ್ದು ಮನವಿ ಪತ್ರ. ಒಟ್ಟು ಅಸೆಸ್‌ಮೆಂಟಿನ ಅರ್ಧಕ್ಕಿಂತ ಹೆಚ್ಚು ಕೊಡಲಿರುವ ಮಾಲೀಕರು ಸಹಿ ಹಾಕಬೇಕು. ಒಬ್ಬನೇ ಮಾಲೀಕನ ಪಾಲು ಶೇ 40 ದಾಟಿದರೆ ದಾಟಿದ ಭಾಗ ಎಣಿಕೆಗೆ ಬರುವುದಿಲ್ಲ. ಆಮೇಲೆ ಮಾಲೀಕರಿಗೆ ಅಂಚೆಯಲ್ಲಿ ಮತಚೀಟಿ. ಕಳಿಸಿದ ಮೇಲೆ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 45 ದಿನ ಬಿಡಬೇಕು. ವಿಚಾರಣೆಯ ಕೊನೆಯಲ್ಲಿ ಚೀಟಿಗಳ ಎಣಿಕೆ, ಪ್ರತಿ ಚೀಟಿಯ ತೂಕ ಆ ಆಸ್ತಿ ಕೊಡಬೇಕಾದ ಹಣದಷ್ಟು. ವಿರೋಧದ ತೂಕ ಪರವಾಗಿ ಬಂದ ಚೀಟಿಗಳ ತೂಕಕ್ಕಿಂತ ಹೆಚ್ಚಾದರೆ ಅಸೆಸ್‌ಮೆಂಟ್ ಬಿದ್ದುಹೋಯಿತು.

ನಮ್ಮ ಉದಾಹರಣೆಯಲ್ಲಿ ಟವರಿನ ಒಂದು ಚೀಟಿಯ ತೂಕ 26,400. ಮೂಲೆ ಅಂಗಡಿಯಂಥವು ಹತ್ತು ಸೇರಿ "ಬೇಡ" ಅಂದರೂ 25,250. ಟವರ್ ಒಂದೇ ಗೆದ್ದಿತು. ವಾಪಸ್ ಬಂದ ಚೀಟಿಗಳನ್ನು ಮಾತ್ರ ಎಣಿಸುತ್ತಾರೆ ಅನ್ನುವುದನ್ನೂ ಮರೆಯಬೇಡಿ. ಮೇಜಿನ ಡ್ರಾಯರ್‌ನಲ್ಲಿ ಉಳಿದ ಚೀಟಿ ವಿರೋಧ ಅಲ್ಲ, ಅದು ಏನೂ ಅಲ್ಲ.

ಬಾಡಿಗೆಗೆ ಇರುವ ಅಂಗಡಿಯವರಿಗೆ ಈ ಚೀಟಿ ಬರುವುದೇ ಇಲ್ಲ. ಆದರೆ ಅವರ ಬಾಡಿಗೆ ಕರಾರು "ಟ್ರಿಪಲ್ ನೆಟ್" ಆಗಿದ್ದರೆ, ಆಸ್ತಿ ತೆರಿಗೆ, ವಿಮೆ, ನಿರ್ವಹಣೆ ಎಲ್ಲ ಬಾಡಿಗೆದಾರನ ತಲೆಗೇ. ಸಾಮಾನ್ಯವಾಗಿ ಅಸೆಸ್‌ಮೆಂಟ್ ಕೂಡ ಅದರ ಜೊತೆ ಹೋಗುತ್ತದೆ. ಮತ ಒಬ್ಬರದು, ಬಿಲ್ ಇನ್ನೊಬ್ಬರದು. ಇಂಗ್ಲೆಂಡ್ ಇದನ್ನು ತಿರುಗಿಸಿ ಇಟ್ಟಿದೆ. ಅಲ್ಲಿ 2003ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಹಣ ಕೊಡುವುದೂ ಮತ ಹಾಕುವುದೂ ಜಾಗದಲ್ಲಿ ವ್ಯಾಪಾರ ಮಾಡುವವರು. ಗೆಲ್ಲಲು ಎರಡು ಬಹುಮತ ಬೇಕು, ತಲೆ ಎಣಿಕೆಯಲ್ಲೂ ಆಸ್ತಿ ಮೌಲ್ಯದಲ್ಲೂ. ಅವಧಿ ಹೆಚ್ಚೆಂದರೆ ಐದು ವರ್ಷ, ಆಮೇಲೆ ಮತ್ತೆ ಮತ. ನನಗಂತೂ ಆ ಎರಡು ಬೀಗದ ಏರ್ಪಾಡು ಹೆಚ್ಚು ಇಷ್ಟ.

ಕ್ಯಾಲಿಫೋರ್ನಿಯಾದಲ್ಲೂ ಮೊದಲ ಅವಧಿ ಐದು ವರ್ಷ ದಾಟುವಂತಿಲ್ಲ, ನವೀಕರಣ ಹತ್ತು ವರ್ಷದವರೆಗೆ. ಪ್ರತಿ ವರ್ಷ 30 ದಿನದ ಒಂದು ಕಿಂಡಿ ತೆರೆಯುತ್ತದೆ. ಆಗ ಅರ್ಧ ಹಣ ಕೊಡುವ ಮಾಲೀಕರು ಸೇರಿ ಬಿಡ್ ಮುಚ್ಚಲು ಮನವಿ ಕೊಡಬಹುದು.

"ಒಬ್ಬರಿಗೆ ಒಂದು ಮತ" ಎಲ್ಲಿ ಹೋಯಿತು ಅಂತ ನ್ಯೂಯಾರ್ಕ್‌ನಲ್ಲಿ ನಿವಾಸಿಗಳ ಕಡೆಯಿಂದ ನ್ಯಾಯಾಲಯದಲ್ಲೇ ಪ್ರಶ್ನೆ ಬಂತು. ಗ್ರ್ಯಾಂಡ್ ಸೆಂಟ್ರಲ್ ಬಿಡ್‌ನ ಮಂಡಳಿಯಲ್ಲಿ ಮಾಲೀಕರಿಗೆ ಬಹುಮತ, ಅಲ್ಲಿ ವಾಸವಿರುವವರಿಗೆ ಒಂದೇ ಕುರ್ಚಿ. 1998ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಬಿಡ್ ಪರ ತೀರ್ಪು ಕೊಟ್ಟಿತು. ಇದರ ಕೆಲಸ ಸೀಮಿತ, ನಗರದ ಹಿಡಿತದಲ್ಲಿದೆ, ಹೊರೆ ಮಾಲೀಕರ ಮೇಲೇ ಜಾಸ್ತಿ. ಹಾಗಾಗಿ ಸರ್ಕಾರಕ್ಕೆ ಹಾಕುವ ನಿಯಮ ಇದಕ್ಕಿಲ್ಲ ಅನ್ನುವುದು ನ್ಯಾಯಾಲಯದ ವಾದ. ಕೆಸ್ಲರ್ ಪ್ರಕರಣ ಅಂತ ನೆನಪಿಡಿ.

ಬಿಡ್‌ನಿಂದ ಉಪಯೋಗ ಆಗುತ್ತದಾ? ಲಾಸ್ ಏಂಜಲೀಸ್‌ನ ಬಿಡ್‌ಗಳ ಬಗ್ಗೆ ರ್‍ಯಾಂಡ್ ಸಂಶೋಧನಾ ಸಂಸ್ಥೆ 2009ರಲ್ಲಿ ಕೊಟ್ಟ ಅಧ್ಯಯನದಲ್ಲಿ ದರೋಡೆ ಶೇ 12ರಷ್ಟು ಇಳಿದದ್ದು ಕಾಣಿಸಿತು. ಇನ್ನೊಂದು ಕಡೆ, 2018ರಲ್ಲಿ ಬರ್ಕ್ಲಿ ಕಾನೂನು ಶಾಲೆಯ ವರದಿ ಬಿಡ್‌ಗಳ ಕಾವಲು ಪಡೆಗಳು ಮನೆಯಿಲ್ಲದವರನ್ನು ಬೀದಿಯಿಂದ ಓಡಿಸಲು ಬಳಕೆಯಾಗುತ್ತಿವೆ ಅಂತ ಬರೆಯಿತು. ಉತ್ತರ ಬರೆಯುವಾಗ ಎರಡನ್ನೂ ಇಡಿ.

ಕೊನೆಗೆ ಒಂದು ಅಭ್ಯಾಸ

ನಮ್ಮ ಪ್ರದೇಶದಲ್ಲಿ ನಗರದ್ದೇ ಒಂದು ಗ್ರಂಥಾಲಯ ಇದೆ ಅಂದುಕೊಳ್ಳಿ. ರಸ್ತೆಗೆ 120 ಅಡಿ, ನಿವೇಶನ 12,000, ಕಟ್ಟಡ 30,000 ಚದರ ಅಡಿ. 1,440 + 1,200 + 1,500, ಒಟ್ಟು 4,140 ಡಾಲರ್. ನಗರ ಇದನ್ನು ಕಟ್ಟಬೇಕಾ? ಕಟ್ಟಬೇಕು. ವಿಶೇಷ ಲಾಭ ಏನೂ ಇಲ್ಲ ಅಂತ ಗಟ್ಟಿ ಪುರಾವೆ ತೋರಿಸದಿದ್ದರೆ ಸರ್ಕಾರಿ ಆಸ್ತಿಗೂ ವಿನಾಯಿತಿ ಇಲ್ಲ. ಹಾಗಾದರೆ ಮತ? ಅದೂ ಇದೆ, 4,140 ತೂಕದ ಚೀಟಿ. ಅಂದರೆ ಪ್ರಸ್ತಾವ ಮುಂದಿಡುವುದೂ ನಗರ, ಚೀಟಿ ಹಾಕುವುದೂ ನಗರ, ಫಲಿತಾಂಶ ಒಪ್ಪಿಕೊಳ್ಳುವುದೂ ನಗರ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊ ನಗರ ಗೋಲ್ಡನ್ ಹಿಲ್ ಅನ್ನುವ ಬಡಾವಣೆಯ ಪ್ರಕರಣದಲ್ಲಿ ಎಡವಿದ ಜಾಗಗಳಲ್ಲಿ ಇದೂ ಒಂದು. ಗೋಲ್ಡನ್ ಹಿಲ್‌ನದು ಬಿಡ್ ಅಲ್ಲ, ನಿರ್ವಹಣೆಗೆ ಮಾಡಿದ ಅಸೆಸ್‌ಮೆಂಟ್ ಪ್ರದೇಶ, ಆದರೆ ನಿಯಮ ಅದೇ. ಎಂಜಿನಿಯರ್ ವರದಿ ವಿಶೇಷ ಲಾಭ ಎಷ್ಟು, ಸಾಮಾನ್ಯ ಲಾಭ ಎಷ್ಟು ಅಂತ ಬೇರ್ಪಡಿಸಿರಲಿಲ್ಲ. ನಗರದ ಸ್ವಂತ ಜಾಗಗಳ ಪಾಲು, ಅಂದರೆ ಅದರ ಮತದ ತೂಕ, ಹೇಗೆ ಬಂತು ಅನ್ನುವುದಕ್ಕೂ ದಾಖಲೆಯಲ್ಲಿ ಆಧಾರ ಕಾಣಲಿಲ್ಲ. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಅಸೆಸ್‌ಮೆಂಟ್ ಊರ್ಜಿತವಲ್ಲ ಅಂದಿತು. ಈಗ ನಮ್ಮ ಲೆಕ್ಕಕ್ಕೆ ವಾಪಸ್ ಹೋಗಿ. "ಶೇ 4 ಸಾಮಾನ್ಯ ಲಾಭ" ಅಂತ ನಾನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದೆ, ನೀವೂ ಒಪ್ಪಿಕೊಂಡು ಓದಿದಿರಿ. ಆ ನಾಲ್ಕು ಎಲ್ಲಿಂದ ಬಂತು?