ಹೊಟಗಿಯ ಕೋಳಸಾ ಗಾಡಿ, ಶೆಗಡಿಯ ನೀಲಿ ಉರಿ

ಹೊಟಗಿ ಜಂಕ್ಷನ್ನಿನಲ್ಲಿ ವಿಜಾಪುರದ ಗಾಡಿಗೆ ಕಾಯುವವರಿಗೆ ಒಂದು ಕೆಲಸ ಗ್ಯಾರಂಟಿ: ಕೋಳಸಾ ಡಬ್ಬಿ ಎಣಿಸುವುದು. ನಮ್ಮ ಕಡೆ ಕಲ್ಲಿದ್ದಲಿಗೆ ಕೋಳಸಾ ಅಂತಲೇ ಅನ್ನುತ್ತೇವೆ, ಮರಾಠಿಯ ಸಹವಾಸ. ಐವತ್ತು ದಾಟಿದರೂ ನನಗೆ ಈ ಎಣಿಸುವ ಚಟ ಬಿಟ್ಟಿಲ್ಲ. ಸಾಮಾನ್ಯವಾಗಿ ಒಂದು ಗಾಡಿಗೆ 58 ಡಬ್ಬಿ. ಒಂದೊಂದರಲ್ಲಿ 60 ಟನ್ನಿಗಿಂತ ಜಾಸ್ತಿ ಮಾಲು.

ಈ ಮಾಲು ಹೋಗುವುದು ಇಲ್ಲೇ ಹತ್ತಿರಕ್ಕೆ, ದಕ್ಷಿಣ ಸೊಲ್ಲಾಪುರ ತಾಲೂಕಿನ ಎನ್‌ಟಿಪಿಸಿ ವಿದ್ಯುತ್ ಸ್ಥಾವರಕ್ಕೆ. 660 ಮೆಗಾವಾಟಿನ ಎರಡು ಘಟಕ. ಮೊದಲನೆಯದು 2017ರಲ್ಲಿ, ಎರಡನೆಯದು 2019ರಲ್ಲಿ ಶುರುವಾಯಿತು. ಎರಡೂ ಪೂರ್ತಿ ಓಡಿದರೆ ದಿನಕ್ಕೆ ಇಂಥ ಐದಾರು ಗಾಡಿ ಬೇಕು ಅಂತ ನನ್ನ ಲೆಕ್ಕ. ಯೂನಿಟ್ಟಿಗೆ ಸುಮಾರು 650 ಗ್ರಾಂ ಕಲ್ಲಿದ್ದಲು ಅಂತ ಹಿಡಿದು ನೀವೂ ಗುಣಿಸಿ ನೋಡಿ.

ಈಗ ಹೊಟ್ಟೆ ಉರಿಯುವ ಲೆಕ್ಕ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 35ರಿಂದ 45 ಪಾಲು ಬೂದಿ. ಕಮ್ಮಿ ಅಂದರೆ 35 ಅಂತ ಹಿಡಿಯೋಣ. ಆಗ 58 ಡಬ್ಬಿಯಲ್ಲಿ 20 ಡಬ್ಬಿ ಉರಿಯದ ಮಣ್ಣು. ದೂರದ ಗಣಿಯಿಂದ ರೈಲು ಬಾಡಿಗೆ ಕೊಟ್ಟು ಮಣ್ಣು ತರಿಸುತ್ತೇವೆ. ಉಳಿದ 38 ಡಬ್ಬಿ ಸುಟ್ಟರೆ ಅದರ ಶಾಖವೆಲ್ಲ ಕರೆಂಟ್ ಆಗುತ್ತದಾ? ಅದೂ ಇಲ್ಲ. ಈ ಬಗೆಯ ಒಳ್ಳೆ ಸ್ಥಾವರದಲ್ಲೂ ನೂರು ಪಾಲು ಶಾಖಕ್ಕೆ 40 ಪಾಲಿನ ಆಸುಪಾಸು ಕರೆಂಟ್. ಉಳಿದದ್ದು ಚಿಮಣಿಯಿಂದ, ಕೂಲಿಂಗ್ ಟವರಿನಿಂದ ಗಾಳಿಗೆ.

ಯಾಕೆ ಹೀಗೆ? ಬಾಯ್ಲರಿನೊಳಗೆ ಬೆಂಕಿ 1300 ಡಿಗ್ರಿ ದಾಟುತ್ತದೆ. ಆದರೆ ಟರ್ಬೈನ್ ತಿರುಗಿಸುವುದು ಬೆಂಕಿ ಅಲ್ಲ, ಉಗಿ. ಆ ಉಗಿಯನ್ನು 600 ಡಿಗ್ರಿಗಿಂತ ತುಂಬಾ ಮೇಲಕ್ಕೆ ಒಯ್ಯಲು ಉಕ್ಕಿನ ಕೊಳವೆಗಳು ಬಿಡುವುದಿಲ್ಲ. ಅಷ್ಟು ಒತ್ತಡ, ಅಷ್ಟು ಬಿಸಿ ಎರಡನ್ನೂ ತಡೆಯುವ ಲೋಹ ಸಿಕ್ಕರೂ ವಿಪರೀತ ತುಟ್ಟಿ. ಅಂದರೆ ಬೆಂಕಿಯ ಮೇಲಿನ 700 ಡಿಗ್ರಿ ಸುಮ್ನೆ ದಂಡ.

ಗ್ಯಾಸ್ ಟರ್ಬೈನ್ ಈ ದಂಡ ತಪ್ಪಿಸುತ್ತದೆ. ಅಲ್ಲಿ ನಡುವೆ ನೀರಿಲ್ಲ, ಉಗಿಯಿಲ್ಲ. ಉರಿದ ಬಿಸಿ ಗಾಳಿಯೇ ನೇರ ಹೋಗಿ ರೆಕ್ಕೆಗಳಿಗೆ ಬಡಿಯುತ್ತದೆ. ವಿಮಾನದ ಎಂಜಿನ್ ನೆಲಕ್ಕೆ ಇಳಿಸಿ ಕೂರಿಸಿದ ಹಾಗೆ ಅಂದುಕೊಳ್ಳಿ. ಇಂದಿನ ದೊಡ್ಡ ಟರ್ಬೈನುಗಳ ಬಾಯಲ್ಲಿ ಬಿಸಿ 1400ರಿಂದ 1600 ಡಿಗ್ರಿ. ಕೆಲಸ ಮುಗಿಸಿ ಹೊರಬೀಳುವ ಗಾಳಿಯೂ 600 ಡಿಗ್ರಿ ಆಸುಪಾಸು ಇರುತ್ತದೆ. ಅದರಲ್ಲಿ ನೀರು ಕಾಯಿಸಿ, ಉಗಿ ಮಾಡಿ, ಇನ್ನೊಂದು ಟರ್ಬೈನ್ ತಿರುಗಿಸಬಹುದು. ಕಬ್ಬು ಹಿಂಡಿದ ಮೇಲೆ ಸಿಪ್ಪೆಯನ್ನು ಮತ್ತೊಮ್ಮೆ ಗಾಣಕ್ಕೆ ಕೊಡುವುದಿಲ್ಲವೇ, ಹಾಗೆ. ಇದಕ್ಕೆ ಕಂಬೈನ್ಡ್ ಸೈಕಲ್ ಅನ್ನುತ್ತಾರೆ. ನೈಸರ್ಗಿಕ ಅನಿಲ ಸುಟ್ಟರೆ ನೂರಕ್ಕೆ 60ಕ್ಕಿಂತ ಜಾಸ್ತಿ ಪಾಲು ಕರೆಂಟ್ ಸಿಗುತ್ತದೆ. ಜರ್ಮನಿಯ ಇರ್ಶಿಂಗ್ ಸ್ಥಾವರ 2011ರಲ್ಲೇ ಆ ಗಡಿ ದಾಟಿತು.

ಹಾಗಾದರೆ ಕಲ್ಲಿದ್ದಲನ್ನೇ ನುಣ್ಣಗೆ ಪುಡಿ ಮಾಡಿ ಗ್ಯಾಸ್ ಟರ್ಬೈನಿಗೆ ಹಾಕಿದರಾಯಿತಲ್ಲ ಅಂತ ಕೇಳಬಹುದು. ಆ 20 ಡಬ್ಬಿ ಮಣ್ಣು ನೆನಪಿದೆಯಾ? ಅಷ್ಟು ವೇಗದಲ್ಲಿ ತಿರುಗುವ ರೆಕ್ಕೆಗೆ ಬೂದಿ ಬಡಿದರೆ ಉಜ್ಜುಗಾಗದ ಹಾಕಿ ತಿಕ್ಕಿದ ಹಾಗೆ ಸವೆಯುತ್ತದೆ. ಕರಗಿದ ಬೂದಿ ಅಂಟಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. ಅದರಲ್ಲಿನ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಲೋಹವನ್ನು ತಿನ್ನುತ್ತವೆ. ಅದಕ್ಕೇ ಎಂಜಿನಿಯರುಗಳು ಒಂದು ಸುತ್ತುದಾರಿ ಹಿಡಿದರು. ಕಲ್ಲಿದ್ದಲನ್ನು ಮೊದಲು ಗ್ಯಾಸ್ ಮಾಡುವುದು, ಗ್ಯಾಸನ್ನು ತೊಳೆಯುವುದು, ಆಮೇಲೆ ಟರ್ಬೈನಿಗೆ ಕೊಡುವುದು. ಈ ಇಡೀ ಏರ್ಪಾಡಿಗೆ ಇಂಟಿಗ್ರೇಟೆಡ್ ಗ್ಯಾಸಿಫಿಕೇಶನ್ ಕಂಬೈನ್ಡ್ ಸೈಕಲ್, ಚಿಕ್ಕದಾಗಿ ಐಜಿಸಿಸಿ, ಅಂತ ಹೆಸರು.

ಹೆಸರು ದೊಡ್ಡದು. ಆದರೆ ಅರ್ಧ ವಿದ್ಯೆ ಹೊಟಗಿ ಸ್ಟೇಷನ್ನಿನ ಹೊರಗೆ ನಾನು ಚಹಾ ಕುಡಿಯುವ ಅಂಗಡಿಯಲ್ಲೇ ಇದೆ. ಸಿಲಿಂಡರ್ ತುಟ್ಟಿ ಅಂತ ಅಲ್ಲಿನ ಕಾಕಾ ಇನ್ನೂ ಕೋಳಸಾ ಶೆಗಡಿ ಬಿಟ್ಟಿಲ್ಲ. ಹಳೆಯ ಕಬ್ಬಿಣದ ಬಕೆಟ್ಟಿಗೆ ಒಳಗಿನಿಂದ ಮಣ್ಣು ಮೆತ್ತಿದ್ದು, ನಡುವೆ ಸರಳುಗಳ ಜಾಳಿಗೆ, ಕೆಳಗೆ ಗಾಳಿಗೊಂದು ಬಾಯಿ. ಹೊತ್ತಿಸಿದಾಗ ಮೊದಲು ದಟ್ಟ ಹೊಗೆ, ಹಳದಿ ಉರಿ. ಅರ್ಧ ತಾಸು ಬಿಟ್ಟು ನೋಡಿ. ಹೊಗೆ ಹೋಗಿರುತ್ತದೆ, ಕೆಂಡ ಕೆಂಪಗಾಗಿರುತ್ತದೆ. ಮೇಲೆ ಮಾತ್ರ ಗೇಣುದ್ದ ಕೂಡ ಇಲ್ಲದ ತೆಳ್ಳನೆಯ ನೀಲಿ ಉರಿ ಕುಣಿಯುತ್ತಿರುತ್ತದೆ. ಬಿಸಿಲಿದ್ದರೆ ಕಾಣುವುದೇ ಇಲ್ಲ, ಮುಸ್ಸಂಜೆಯಲ್ಲಿ ಚೆನ್ನಾಗಿ ಕಾಣುತ್ತದೆ.

ಆ ನೀಲಿ ಉರಿ ಎಲ್ಲಿಂದ ಬಂತು? ಕೆಳಗಿನ ಬಾಯಿಂದ ಹೊಕ್ಕ ಗಾಳಿಯ ಆಮ್ಲಜನಕ ತಳದ ಕೆಂಡದಲ್ಲೇ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದು ಮೇಲೇರುವಾಗ ದಾರಿಯಲ್ಲಿ ಇನ್ನೂ ಕೆಂಡ. ಅಲ್ಲಿ ಆಮ್ಲಜನಕ ಇಲ್ಲ, ಹಸಿದ ಇಂಗಾಲ ಮಾತ್ರ ಇದೆ. ಆ ಇಂಗಾಲ ಡೈಆಕ್ಸೈಡಿನಿಂದ ಒಂದು ಆಮ್ಲಜನಕ ಕಿತ್ತುಕೊಳ್ಳುತ್ತದೆ. ಕಿತ್ತುಕೊಂಡದ್ದೂ ಕೊಟ್ಟದ್ದೂ ಎರಡೂ ಕಾರ್ಬನ್ ಮೊನಾಕ್ಸೈಡ್ ಆಗುತ್ತವೆ. ಇದು ಉರಿಯುವ ಗ್ಯಾಸ್. ಶೆಗಡಿಯ ಮೇಲ್ಬಾಯಿಗೆ ಬಂದು ಹೊಸ ಗಾಳಿ ಸಿಕ್ಕಿದ್ದೇ ನೀಲಿಯಾಗಿ ಉರಿಯುತ್ತದೆ. ಚಳಿಗಾಲದಲ್ಲಿ ಬಾಗಿಲು ಹಾಕಿ ಶೆಗಡಿ ಇಟ್ಟು ಮಲಗಿದವರನ್ನು ಕೊಲ್ಲುವುದೂ ಇದೇ. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ದಯವಿಟ್ಟು ಕಿಟಕಿ ತೆರೆದಿಡಿ.

ಇಂಗಾಲ ಪೂರ್ತಿ ಸುಟ್ಟರೆ ನೂರು ರೂಪಾಯಿಯ ಶಾಖ ಅಂತ ಇಟ್ಟುಕೊಳ್ಳಿ. ಅರ್ಧ ಸುಟ್ಟು ಮೊನಾಕ್ಸೈಡ್ ಮಾಡಿದರೆ ಖರ್ಚು 28 ರೂಪಾಯಿ. ಉಳಿದ 72 ಗ್ಯಾಸಿನ ಕಿಸೆಯಲ್ಲೇ ಇರುತ್ತದೆ, ಬೇಕಾದ ಕಡೆ ಒಯ್ದು ಖರ್ಚು ಮಾಡಬಹುದು. ಕೆಂಡದ ಮೇಲೆ ನೀರಿನ ಉಗಿ ಹಾಯಿಸಿದರೆ ಇನ್ನೂ ಲಾಭ. ಉಗಿ ಒಡೆದು ಹೈಡ್ರೋಜನ್ ಬರುತ್ತದೆ, ಜೊತೆಗೆ ಮತ್ತಷ್ಟು ಮೊನಾಕ್ಸೈಡ್. ಹೀಗೆ ಒಡೆಯಲು ಶಾಖ ಬೇಕು. ಆ 28 ರೂಪಾಯಿಯಲ್ಲೇ ಒಂದಿಷ್ಟು ಅದಕ್ಕೆ ಹೋಗುತ್ತದೆ, ಅಂದರೆ ತಿರುಗಿ ಕಿಸೆಗೇ ಬಂದ ಹಾಗೆ.

ನಮ್ಮ ಮುತ್ಯಾ ಇದೇ ಗ್ಯಾಸಿನ ಬಸ್ಸಿನಲ್ಲಿ ಓಡಾಡಿದವರು. ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೆ ರೇಷನ್ ಇತ್ತು. ಆಗ ಬಸ್ಸಿನ ಹಿಂದೆ ಒಂದು ಎತ್ತರದ ಡಬ್ಬ ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದರು. "ಮುಂಜಾನೆದ್ದು ಕ್ಲೀನರ್ ಹುಡುಗ ಹ್ಯಾಂಡಲ್ ತಿರುವಿ ತಿರುವಿ ಗಾಳಿ ಊದತಿದ್ದ. ಕೆಂಡ ಆಗೂತನಕಾ ಗಾಡಿ ಜಗ್ಗತಿದ್ದಿಲ್ಲ. ಏರು ಬಂತಂದ್ರ ಎಲ್ಲಾರೂ ಇಳದು ದಬ್ಬೂದು" ಅಂತ ಹೇಳಿ ನಗುತ್ತಿದ್ದರು. ಏರಿನಲ್ಲಿ ಸೋಲಲು ಕಾರಣ ಇದೆ. ಗಾಳಿ ಊದಿ ಮಾಡಿದ ಗ್ಯಾಸಿನಲ್ಲಿ ಅರ್ಧದಷ್ಟು ಬರೀ ಸಾರಜನಕ, ಅದು ಉರಿಯುವುದಿಲ್ಲ. "ಒಂದಿನಾ ಜಾಳಿಗಿ ತೊಳೀಲಿಲ್ಲ ಅಂದ್ರ ಎಂಜಿನ್ ಕೆಮ್ಮತಿತ್ತು" ಅಂತಲೂ ಅನ್ನುತ್ತಿದ್ದರು. ಇವತ್ತಿನ ಕೋಟ್ಯಂತರ ಡಾಲರಿನ ಸ್ಥಾವರಗಳ ತಲೆನೋವೂ ಬಹುಪಾಲು ಇವೇ ಎರಡು, ಸಾರಜನಕ ಮತ್ತು ಗ್ಯಾಸ್ ಸೋಸುವ ಜಾಳಿಗೆ.

ಸಾರಜನಕದ ಕಾಟ ತಪ್ಪಿಸಲು ಗಾಳಿಯನ್ನು ತಣಿಸಿ ದ್ರವ ಮಾಡಿ, ಆಮ್ಲಜನಕ ಬೇರೆ ಮಾಡಿ, ಅದನ್ನೇ ಕೊಡುತ್ತಾರೆ. ಸ್ಥಾವರ ಹುಟ್ಟಿಸಿದ ಕರೆಂಟಿನಲ್ಲಿ ದೊಡ್ಡ ಪಾಲು ಈ ಕೆಲಸಕ್ಕೇ ಹೋಗುತ್ತದೆ. ಕಲ್ಲಿದ್ದಲನ್ನು ಗ್ಯಾಸ್ ಮಾಡುವ ಗ್ಯಾಸಿಫೈಯರ್ ಅಂದರೆ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಒತ್ತಡದ ಉಕ್ಕಿನ ಗೋಪುರ. ಅದರಲ್ಲಿ ಒಂದು ಬಗೆಗೆ ಕಲ್ಲಿದ್ದಲ ಪುಡಿ, ಆಮ್ಲಜನಕ, ಉಗಿ ಹೊಕ್ಕರೆ 1300 ಡಿಗ್ರಿ ಮೇಲಿನ ಬಿಸಿಯಲ್ಲಿ ಕೆಲವೇ ಸೆಕೆಂಡಿಗೆ ಎಲ್ಲ ಗ್ಯಾಸ್. ಬೂದಿ ಕರಗಿ ತಳಕ್ಕೆ ಇಳಿದು, ನೀರಿಗೆ ಬಿದ್ದು, ಬಳೆ ಚೂರಿನ ಹಾಗೆ ಕಪ್ಪು ಗಾಜಾಗುತ್ತದೆ. ಗ್ಯಾಸನ್ನು ತಣಿಸಿ, ಧೂಳು ತೆಗೆದು, ಗಂಧಕವನ್ನು ದ್ರಾವಣದಲ್ಲಿ ಹೀರಿಸುತ್ತಾರೆ. ಒತ್ತಡದಲ್ಲಿರುವ ಗ್ಯಾಸ್ ಗಾತ್ರದಲ್ಲಿ ಚಿಕ್ಕದು, ಹಾಗಾಗಿ ತೊಳೆಯುವುದು ಸಲೀಸು. ಚಿಮಣಿಯಲ್ಲಿ ಹೋಗುವ ಹೊಗೆ ಅದರ ನೂರು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ.

ಜರ್ಮನಿಯ ಲ್ಯೂನೆನ್‌ನಲ್ಲಿ 1972ರಲ್ಲೇ ಇಂಥ ಸ್ಥಾವರ ನಿಂತಿತ್ತು, 170 ಮೆಗಾವಾಟಿನದು. ಎಲ್ಲರ ಕಣ್ಣು ಸೆಳೆದದ್ದು ಮಾತ್ರ ಕ್ಯಾಲಿಫೋರ್ನಿಯಾ ಮರುಭೂಮಿಯ ಕೂಲ್ ವಾಟರ್. 1984ರಿಂದ 1989ರವರೆಗೆ ಓಡಿ, ಕಲ್ಲಿದ್ದಲನ್ನೂ ಚೊಕ್ಕಟವಾಗಿ ಸುಡಬಹುದು ಅಂತ ತೋರಿಸಿತು. ಆಮೇಲೆ ನೆದರ್‌ಲೆಂಡ್ಸ್‌ನ ಬುಗೆನುಮ್, ಅಮೆರಿಕದ ವಾಬಾಶ್ ರಿವರ್, ಪೋಕ್, ಸ್ಪೇನಿನ ಪುಯೆರ್ಟೊಲ್ಯಾನೊ, ಎಲ್ಲ 1990ರ ದಶಕದವು. ಜಪಾನಿನವರು ನಕೋಸೋದಲ್ಲಿ ಗಾಳಿ ಊದುವ ಹಳೆಯ ದಾರಿಯನ್ನೇ ತಿದ್ದಿ 250 ಮೆಗಾವಾಟ್ ತೆಗೆದರು. 2011ರ ಸುನಾಮಿಯಲ್ಲಿ ಅದು ನಿಂತುಹೋಯಿತು. ಅದೇ ಜುಲೈಗೆ ಮತ್ತೆ ಶುರು ಮಾಡಿದರು. ಜಪಾನಿಗರೇ ಅಲ್ವಾ.

ಅಮೆರಿಕದ ಮಿಸಿಸಿಪ್ಪಿಯ ಕೆಂಪರ್ ಸ್ಥಾವರದ ಕಥೆ ಬೇರೆ. ಲಿಗ್ನೈಟ್ ಅನ್ನುವ ಕಂದು ಕಲ್ಲಿದ್ದಲಿನಿಂದ ಗ್ಯಾಸ್ ಮಾಡಿ, ಇಂಗಾಲದ ಡೈಆಕ್ಸೈಡನ್ನೂ ಹಿಡಿದಿಡುವ ಕನಸು. ಖರ್ಚು ಏರುತ್ತಾ ಏರುತ್ತಾ 750 ಕೋಟಿ ಡಾಲರ್ ಮುಟ್ಟಿತು. 2017ರಲ್ಲಿ ಗ್ಯಾಸಿಫೈಯರ್ ಕೈಬಿಟ್ಟರು, 2021ರಲ್ಲಿ ಸ್ಫೋಟಕ ಇಟ್ಟು ಕೆಡವಿದರು. ಟರ್ಬೈನುಗಳು ಈಗಲೂ ತಿರುಗುತ್ತಿವೆ, ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಮೇಲೆ. ಐಜಿಸಿಸಿಯನ್ನು ಸೋಲಿಸಿದ್ದು ಬರೀ ರಸಾಯನಶಾಸ್ತ್ರ ಅಲ್ಲ. ರೆಡಿ ಗ್ಯಾಸ್ ಅಗ್ಗಕ್ಕೆ ಸಿಗುವಾಗ ಕಲ್ಲಿನಿಂದ ಗ್ಯಾಸ್ ಹಿಂಡುವವರು ಯಾರು? ಅದಲ್ಲದೆ, ನಿಜವಾಗಿ ಓಡಿದ ಐಜಿಸಿಸಿಗಳ ದಕ್ಷತೆ ನೂರಕ್ಕೆ 40ರ ಆಸುಪಾಸಿನಲ್ಲೇ ನಿಂತಿತು. ಅಷ್ಟರಲ್ಲಿ ನಮ್ಮ ಸೊಲ್ಲಾಪುರದಂಥ ಸಾದಾ ಬಾಯ್ಲರುಗಳೂ ಅಲ್ಲಿಗೆ ಬಂದು ಮುಟ್ಟಿದ್ದವು. ಇಷ್ಟೊಂದು ಉಪದ್ವ್ಯಾಪ ಯಾಕೆ ಅಂತ ಹಣ ಹಾಕುವವರಿಗೆ ಅನಿಸಿದರೆ ತಪ್ಪಿಲ್ಲ.

ನಾವೂ ಕೈ ಕಟ್ಟಿ ಕೂತಿರಲಿಲ್ಲ. 1980ರ ದಶಕದ ಕೊನೆಗೆ ಬಿಎಚ್‌ಇಎಲ್ ಸಂಸ್ಥೆ ತಿರುಚಿರಾಪಳ್ಳಿಯಲ್ಲಿ 6.2 ಮೆಗಾವಾಟಿನ ಪುಟ್ಟ ಸ್ಥಾವರ ಕಟ್ಟಿ ನಮ್ಮ ಕಲ್ಲಿದ್ದಲಿನ ಮೇಲೇ ಪ್ರಯೋಗ ಮಾಡಿತು. ಹೊರದೇಶದ ಯಂತ್ರ ಇಲ್ಲಿಗೆ ಯಾಕೆ ಒಗ್ಗುವುದಿಲ್ಲ ಅನ್ನುವುದು ಬೂದಿಯಲ್ಲೇ ಇದೆ. ಬಳೆಗಾಜು ಮಾಡಬೇಕಾದರೆ ಬೂದಿ ಕರಗಬೇಕು. ನಮ್ಮ ಬೂದಿ ಬಹಳ ಕಡೆ 1500 ಡಿಗ್ರಿಗೂ ಜಗ್ಗುವುದಿಲ್ಲ, ಮೇಲಾಗಿ ಅದರ ಪಾಲು ಜಾಸ್ತಿ. ಕರಗಿಸುವುದಕ್ಕೇ ಶಾಖ ಸುರಿಯಬೇಕು. ಅದಕ್ಕೆ ಇನ್ನೊಂದು ದಾರಿ ಹಿಡಿದರು. ಕಲ್ಲಿದ್ದಲ ನುಚ್ಚಿನ ಕೆಳಗಿನಿಂದ ಗಾಳಿ ಮತ್ತು ಉಗಿ ರಭಸವಾಗಿ ಊದುತ್ತಾರೆ. ಇಡೀ ರಾಶಿ ಕುದಿಯುವ ಅಂಬಲಿಯ ಹಾಗೆ ಮಗುಚುತ್ತದೆ. ಬಿಸಿ 1000 ಡಿಗ್ರಿ ಆಸುಪಾಸು, ಬೂದಿ ಒಣಗಿದ್ದಾಗಲೇ ಹೊರಬೀಳುತ್ತದೆ. ವಿಜಯವಾಡದಲ್ಲಿ ಇದನ್ನೇ 125 ಮೆಗಾವಾಟಿಗೆ ದೊಡ್ಡದು ಮಾಡುವ ಮಾತಾಯಿತು. ಮಾತು ಮಾತಾಗಿಯೇ ಉಳಿಯಿತು.

ಇನ್ನೊಂದು ಮಾತು ಹೇಳಬೇಕು. ಅಮೆರಿಕದವರಿಗೆ ಈ ವಿದ್ಯೆಯ ಮೇಲೆ ಮೋಹ ಹುಟ್ಟಿದ್ದು ಬಹುಮಟ್ಟಿಗೆ ಗಂಧಕದ ದೆಸೆಯಿಂದ. ಅವರ ಎಷ್ಟೋ ಗಣಿಗಳ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ. ನಮ್ಮದರಲ್ಲಿ ಹೆಚ್ಚಿನ ಕಡೆ ನೂರಕ್ಕೆ ಒಂದು ಪಾಲೂ ಇಲ್ಲ. ಅವರ ರೋಗ ಬೇರೆ, ನಮ್ಮ ರೋಗ ಬೇರೆ. ಔಷಧಿ ಒಂದೇ ಆಗಲು ಹೇಗೆ ಸಾಧ್ಯ?

ನನ್ನನ್ನು ಕೇಳಿದರೆ ನಮ್ಮ ಕಡೆಗೆ ಇದರ ದೊಡ್ಡ ಲಾಭ ನೀರು. ಉಗಿಯನ್ನು ಮತ್ತೆ ನೀರು ಮಾಡಲು ತಣಿಸಬೇಕು. ಸಾದಾ ಸ್ಥಾವರದಲ್ಲಿ ಹೀಗೆ ಯೂನಿಟ್ಟಿಗೆ ಮೂರು ಲೀಟರಿನ ಆಸುಪಾಸು ನೀರು ಆವಿಯಾಗಿ ಹೋಗುತ್ತದೆ. ಐಜಿಸಿಸಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟ್ ಗ್ಯಾಸ್ ಟರ್ಬೈನಿನದೇ, ಅದಕ್ಕೆ ಈ ನೀರು ಬೇಡ. ಒಟ್ಟು ಲೆಕ್ಕದಲ್ಲಿ ಮೂರನೇ ಒಂದು ಪಾಲಿನಷ್ಟು ಉಳಿತಾಯ. ಇಲ್ಲಿ ಊರಿಗೂ ಸ್ಥಾವರಕ್ಕೂ ಕಬ್ಬಿಗೂ ಭೀಮೆಯ ಉಜನಿ ಅಣೆಕಟ್ಟೇ ಗತಿ. ನಮ್ಮ ಓಣಿಗೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಕೊಡ ಹಿಡಿದು ಸಾಲಿನಲ್ಲಿ ನಿಂತವರಿಗೆ ಆ ಒಂದು ಲೀಟರ್ ದಕ್ಷತೆಯ ಶೇಕಡಾವಾರಿಗಿಂತ ಬೇಗ ಅರ್ಥವಾಗುತ್ತದೆ.

ಆದರೂ ಕರೆಂಟಿಗಾಗಿ ಈ ಗ್ಯಾಸ್ ಸೊಲ್ಲಾಪುರದ ಕಡೆ ಬರುತ್ತದೆ ಅಂತ ನನಗೆ ಅನಿಸುವುದಿಲ್ಲ. ಹಗಲಿನ ಕರೆಂಟಿಗೆ ಬಿಸಿಲೇ ಅಗ್ಗ, ನಮ್ಮಲ್ಲಿ ಬಿಸಿಲಿಗೇನು ಬರ? ಸರ್ಕಾರದ ಕಣ್ಣೂ ಈಗ ಬೇರೆ ಕಡೆ ಇದೆ. 2030ರ ಹೊತ್ತಿಗೆ 10 ಕೋಟಿ ಟನ್ ಕಲ್ಲಿದ್ದಲನ್ನು ಗ್ಯಾಸ್ ಮಾಡುವ ಗುರಿ ಇಟ್ಟಿದ್ದಾರೆ. 2024ರ ಜನವರಿಯಲ್ಲಿ 8,500 ಕೋಟಿ ರೂಪಾಯಿಯ ನೆರವಿಗೂ ಒಪ್ಪಿಗೆ ಸಿಕ್ಕಿತು. ಆ ಗ್ಯಾಸ್ ಹೋಗಬೇಕಾದದ್ದು ಹೆಚ್ಚಾಗಿ ಮೆಥನಾಲ್, ಅಮೋನಿಯಾ, ಯೂರಿಯಾ ಕಾರ್ಖಾನೆಗೆ. ಅದೂ ಹೊಸದೇನಲ್ಲ. ತೆಲಂಗಾಣದ ರಾಮಗುಂಡಂನಲ್ಲಿ ಕಲ್ಲಿದ್ದಲ ಗ್ಯಾಸಿನಿಂದ ಯೂರಿಯಾ ಮಾಡುವ ಕಾರ್ಖಾನೆ 1980ರಲ್ಲೇ ಇತ್ತು. 1999ರಲ್ಲಿ ಮುಚ್ಚಿತು. 2021ರಲ್ಲಿ ಅದೇ ಜಾಗದಲ್ಲಿ ಶುರುವಾದ ಹೊಸ ಕಾರ್ಖಾನೆ ಓಡುವುದು ನೈಸರ್ಗಿಕ ಅನಿಲದ ಮೇಲೆ. ಒಡಿಶಾದ ತಾಲ್ಚೇರಿನಲ್ಲಿ ಮಾತ್ರ ಮತ್ತೆ ಕಲ್ಲಿದ್ದಲನ್ನೇ ನಂಬಿದ ಯೂರಿಯಾ ಯೋಜನೆ ನಡೆದಿದೆ. ಅಲ್ಲಿಯ ಗ್ಯಾಸಿಫೈಯರಿಗೆ ಬರೀ ಕಲ್ಲಿದ್ದಲು ಹಾಕುವುದಿಲ್ಲ, ತೈಲ ಶುದ್ಧೀಕರಣದಲ್ಲಿ ಉಳಿಯುವ ಪೆಟ್ರೋಲಿಯಂ ಕೋಕ್ ಬೆರೆಸುತ್ತಾರೆ. ಅದರಲ್ಲಿ ಬೂದಿ ತೀರಾ ಕಮ್ಮಿ.