ಕೇಸ್ ಶೀಟೇ ಸಾಕ್ಷಿ: ವೈದ್ಯಕೀಯ ನಿರ್ಲಕ್ಷ್ಯದ ಕಾನೂನು ಬೆಳೆದು ಬಂದ ಬಗೆ

ವೈದ್ಯರ ಮೇಲೆ ಕೇಸು ಹಾಕುವುದು ಇತ್ತೀಚೆಗೆ ಹುಟ್ಟಿದ ಚಾಳಿ ಎಂಬ ಮಾತು ಆಸ್ಪತ್ರೆಗಳಲ್ಲಿ ಆಗಾಗ ಕೇಳಿಬರುತ್ತದೆ. ದಾಖಲೆಗಳನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ. 1953ರಲ್ಲಿ ಮಹಾರಾಷ್ಟ್ರದ ಕಡಲ ತೀರವೊಂದರಲ್ಲಿ ತೊಡೆಮೂಳೆ ಮುರಿದುಕೊಂಡ ಯುವಕನನ್ನು ಪುಣೆಯ ಆಸ್ಪತ್ರೆಗೆ ಕರೆತಂದರು. ಸರಿಯಾದ ಅರಿವಳಿಕೆ ಕೊಡದೆ, ಮಾರ್ಫಿಯಾ ಇಂಜೆಕ್ಷನ್ ಒಂದನ್ನೇ ನಂಬಿ, ಸಹಾಯಕರ ಬಲದಿಂದ ಕಾಲೆಳೆದು ಮೂಳೆ ಕೂರಿಸಲಾಯಿತು. ಅಂದೇ ರಾತ್ರಿ ಆತ ತೀರಿಕೊಂಡ. ದಾವೆ ಹೂಡಿದ ತಂದೆ ಸ್ವತಃ ವೈದ್ಯರಾಗಿದ್ದರು. 1968ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ವೈದ್ಯರ ಮೂರು ಹೊಣೆಗಳನ್ನು ಗುರುತಿಸಿತು: ಈ ರೋಗಿಯನ್ನು ತಾನು ನೋಡಬೇಕೇ ಎಂದು ನಿರ್ಧರಿಸುವಾಗಿನ ಎಚ್ಚರ, ಯಾವ ಚಿಕಿತ್ಸೆ ಎಂದು ನಿರ್ಧರಿಸುವಾಗಿನ ಎಚ್ಚರ, ಆ ಚಿಕಿತ್ಸೆ ಕೊಡುವಾಗಿನ ಎಚ್ಚರ. ಮುಂದಿನ ತೀರ್ಪುಗಳೆಲ್ಲ ಈ ಮೂರರ ಸುತ್ತಲೇ ಸುತ್ತಿವೆ.

ಅಳತೆಗೋಲು ಮಾತ್ರ ಇಂಗ್ಲೆಂಡಿನಿಂದ ಬಂತು. 1957ರ ಬೋಲಂ ಪ್ರಕರಣದ ಪ್ರಕಾರ, ಅದೇ ವಿಷಯದಲ್ಲಿ ನುರಿತ, ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿಯೆಂದು ಒಪ್ಪುವ ರೀತಿಯಲ್ಲಿ ನಡೆದುಕೊಂಡಿದ್ದರೆ ಅದು ನಿರ್ಲಕ್ಷ್ಯವಲ್ಲ. ಬೇರೆ ವೈದ್ಯರು ಇನ್ನೊಂದು ದಾರಿ ಹಿಡಿಯುತ್ತಿದ್ದರು ಎಂಬುದಷ್ಟೇ ತಪ್ಪಿಗೆ ಪುರಾವೆಯಾಗದು. ಫಲಿತಾಂಶ ಕೆಟ್ಟಿತೆಂದರೆ ಚಿಕಿತ್ಸೆಯೂ ಕೆಟ್ಟದ್ದು ಎಂದು ಭಾರತದ ನ್ಯಾಯಾಲಯಗಳೂ ಎಂದೂ ಹೇಳಿಲ್ಲ. ಕೇಸಿನ ಭಯದಲ್ಲಿ ಬೇಡದ ಸ್ಕ್ಯಾನು, ಬೇಡದ ಆ್ಯಂಟಿಬಯಾಟಿಕ್ ಬರೆಯುವವರು ಈ ಮಾತನ್ನು ಗಮನಿಸಬೇಕು. ಬೇಡದ ಪರೀಕ್ಷೆ ರಕ್ಷಣೆ ಕೊಡುವುದಿಲ್ಲ. ಯಾಕೆ ಬರೆದಿರಿ ಎಂದು ಕೇಳಿದಾಗ ಉತ್ತರ ಇಲ್ಲದಿದ್ದರೆ ಅದೇ ಉರುಳಾಗುತ್ತದೆ.

ಕೇಸುಗಳ ಸಂಖ್ಯೆಗೆ ನಿಜವಾದ ತಿರುವು ಸಿಕ್ಕಿದ್ದು 1995ರ ನವೆಂಬರ್ 13ರಂದು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿನ ‘ಸೇವೆ’ಯೊಳಗೆ ವೈದ್ಯರ ಕೆಲಸವೂ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಅಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಯಾರಿಂದಲೂ ದುಡ್ಡು ಪಡೆಯದ ಆಸ್ಪತ್ರೆ ಮಾತ್ರ ಹೊರಗೆ. ಕೆಲವರಿಂದ ಶುಲ್ಕ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಕಡೆ ಉಚಿತ ರೋಗಿಗೂ ದೂರು ಕೊಡುವ ಹಕ್ಕಿದೆ. ವರ್ಷಗಟ್ಟಲೆ ಎಳೆಯುವ ಸಿವಿಲ್ ದಾವೆಯ ಜಾಗದಲ್ಲಿ ಕಡಿಮೆ ಖರ್ಚಿನ ವೇದಿಕೆ ಸಿಕ್ಕಿತು. 2019ರ ಹೊಸ ಕಾಯ್ದೆಯಡಿಯೂ ಇದೇ ನಿಲುವು ಮುಂದುವರಿದಿದೆ. ದೂರು ಕೊಡಲು ಅವಧಿ 2 ವರ್ಷ, ಸರಿಯಾದ ಕಾರಣವಿದ್ದರೆ ದೂರು ಕೇಳುವ ಗ್ರಾಹಕ ಆಯೋಗ ತಡವನ್ನು ಮನ್ನಿಸಬಹುದು.

1996ರ ಎರಡು ತೀರ್ಪುಗಳು ಚಿಕ್ಕವಾದರೂ ಖಡಕ್. ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಬಟ್ಟೆ ಉಳಿದು ಮಹಿಳೆಯೊಬ್ಬರು ಸತ್ತ ಪ್ರಕರಣದಲ್ಲಿ, ಇಂಥ ತಪ್ಪು ತಾನೇ ಮಾತಾಡುತ್ತದೆ, ಬೇರೆ ಪುರಾವೆ ಬೇಡ ಎಂದಿತು ಕೋರ್ಟ್. ಇನ್ನೊಂದರಲ್ಲಿ, ಹೋಮಿಯೋಪಥಿಯಲ್ಲಿ ನೋಂದಾಯಿತರಾದವರು ಅಲೋಪಥಿ ಔಷಧ ಕೊಟ್ಟದ್ದೇ ನಿರ್ಲಕ್ಷ್ಯ ಎಂದಿತು. ಮಾಪ್ (ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಬಟ್ಟೆ) ಎಣಿಕೆ ಮತ್ತು ತನ್ನ ಓದಿನ ಗಡಿ, ಇವೆರಡರಲ್ಲಿ ವಾದಕ್ಕೆ ಎಡೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಶಸ್ತ್ರಚಿಕಿತ್ಸಾ ಪಟ್ಟಿಯಲ್ಲಿ ಎಣಿಕೆಯೂ ಒಂದು. ಅರಿವಳಿಕೆಗೆ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿ ಥಿಯೇಟರ್ ಬಿಡುವ ಮುಂಚೆ ಒಂದೊಂದು ಸಲ ಎಲ್ಲರೂ ನಿಂತು ಪಟ್ಟಿಯ ಅಂಶಗಳನ್ನು ಗಟ್ಟಿಯಾಗಿ ಹೇಳಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರ ಅಧ್ಯಯನ ಹೇಳಿದೆ. ಕೆಡುವುದು ಎಲ್ಲಿ? ನರ್ಸ್ ಒಬ್ಬರೇ ಕೂತು ಎಲ್ಲ ಚೌಕಗಳಿಗೂ ಆಮೇಲೆ ಟಿಕ್ ಹಾಕಿದಾಗ.

ಪೊಲೀಸ್ ಕೇಸಿನ ಗೆರೆ

2005ರ ಆಗಸ್ಟ್ 5ರ ಜೇಕಬ್ ಮ್ಯಾಥ್ಯೂ ತೀರ್ಪಿನ ಹಿಂದೆ ಇರುವುದು ಒಂದು ಖಾಲಿ ಸಿಲಿಂಡರ್. ಲುಧಿಯಾನದ ಆಸ್ಪತ್ರೆಯೊಂದರಲ್ಲಿ ರೋಗಿಗೆ ಉಸಿರಾಟದ ತೊಂದರೆ ಶುರುವಾಯಿತು. ವೈದ್ಯರು ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಆಮ್ಲಜನಕ ಜೋಡಿಸಿದರೆ ಸಿಲಿಂಡರಿನಲ್ಲಿ ಏನೂ ಇರಲಿಲ್ಲ. ಮಗ ಪಕ್ಕದ ಕೋಣೆಯಿಂದ ಇನ್ನೊಂದು ತಂದ, ಆದರೆ ಅದನ್ನು ಚಾಲೂ ಮಾಡುವ ವ್ಯವಸ್ಥೆ ಇರಲಿಲ್ಲ. ಹೀಗೆ ಮತ್ತೆ 5ರಿಂದ 7 ನಿಮಿಷ ಹೋಯಿತು ಎಂಬುದು ದೂರು. ಆಸ್ಪತ್ರೆಯ ಸಿವಿಲ್ ಹೊಣೆ ಬೇರೆ ಮಾತು, ಆದರೆ ವೈದ್ಯರನ್ನು ಕ್ರಿಮಿನಲ್ ಆಗಿ ಶಿಕ್ಷಿಸಲು ನಿರ್ಲಕ್ಷ್ಯ ‘ಘೋರ’ವಾಗಿರಬೇಕು ಎಂದಿತು ಕೋರ್ಟ್. ತನಿಖಾಧಿಕಾರಿ ಅದೇ ಕ್ಷೇತ್ರದ ಬೇರೊಬ್ಬ ಸಮರ್ಥ ವೈದ್ಯರ, ಸಾಧ್ಯವಾದರೆ ಸರ್ಕಾರಿ ವೈದ್ಯರ ಅಭಿಪ್ರಾಯ ಪಡೆಯಬೇಕು. ದೂರು ಬಂದ ತಕ್ಷಣ ಮಾಮೂಲಿಯಂತೆ ಬಂಧಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ, ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷದವರೆಗೆ ಸಜೆ ಇಟ್ಟರೂ ನೋಂದಾಯಿತ ವೈದ್ಯರಿಗೆ, ವೈದ್ಯಕೀಯ ಪ್ರಕ್ರಿಯೆಯ ಮಟ್ಟಿಗೆ, 2 ವರ್ಷದ ಮಿತಿ ಇಟ್ಟಿದೆ.

ಜೈಲಿನ ಭಯ ಇಷ್ಟು ಕಡಿಮೆಯಾದರೂ ಸಿಲಿಂಡರಿನ ಪಾಠ ಹಾಗೇ ಉಳಿದಿದೆ. ಪ್ರತಿ ಶಿಫ್ಟಿನ ಆರಂಭದಲ್ಲಿ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು, ಅದನ್ನು ತೆರೆಯುವ ಕೀಲಿ, ಕಫ-ರಕ್ತ ಹೀರುವ ಸಕ್ಷನ್ ಯಂತ್ರ, ತುರ್ತು ಔಷಧದ ಟ್ರೇ ನೋಡಿ ಸಹಿ ಹಾಕುವ ಪುಸ್ತಕಕ್ಕೆ ಖರ್ಚು ಏನೂ ಇಲ್ಲ.

ಸಹಿ ಮತ್ತು ಒಪ್ಪಿಗೆ

ವೈದ್ಯರು ಅತಿ ಹೆಚ್ಚು ಎಡವುವುದು ಇಲ್ಲೇ. 2008ರ ಜನವರಿಯ ತೀರ್ಪಿನ ಸಂಗತಿ ಇದು: 44 ವರ್ಷದ ಅವಿವಾಹಿತ ಮಹಿಳೆಗೆ ಮುಟ್ಟಿನ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ನೋಡುವ ಲ್ಯಾಪರೋಸ್ಕೋಪಿಗೆ ಆಕೆಯೇ ಸಹಿ ಹಾಕಿದರು. ಹೊಟ್ಟೆ ಕೊಯ್ಯಬೇಕಾಗಬಹುದು ಎಂಬ ಸಾಲೂ ಫಾರಂನಲ್ಲಿತ್ತು. ಆಕೆ ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. ವೈದ್ಯೆಗೆ ದುರುದ್ದೇಶವಿತ್ತೆಂದು ಕೋರ್ಟ್ ಹೇಳಲಿಲ್ಲ. ಆದರೂ ಒಪ್ಪಿಗೆ ಅನೂರ್ಜಿತ. ರೋಗಿ ವಯಸ್ಕಳು, ಸ್ವಲ್ಪ ಹೊತ್ತಿನಲ್ಲಿ ಎಚ್ಚರವಾಗುವವಳು, ಪ್ರಾಣಕ್ಕೆ ಆ ಕ್ಷಣದ ಅಪಾಯವಿರಲಿಲ್ಲ. ಶುಲ್ಕವನ್ನು ಬಿಟ್ಟುಕೊಟ್ಟು ₹25,000 ಪರಿಹಾರ ಕೊಡಬೇಕಾಯಿತು.

ರೋಗಪತ್ತೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲುವುದಿಲ್ಲ, ಒಂದು ಶಸ್ತ್ರಚಿಕಿತ್ಸೆಗೆ ಕೊಟ್ಟದ್ದು ಇನ್ನೊಂದಕ್ಕೆ ಸಲ್ಲುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಹಾಗಾಗಿ ಒಳಗೆ ಏನು ಕಂಡರೆ ಏನು ಮಾಡುತ್ತೀರಿ ಎಂಬುದನ್ನು ಮೊದಲೇ ಮಾತಾಡಿ, ಒಂದೇ ಫಾರಂನಲ್ಲಿ ಎರಡಕ್ಕೂ ಒಪ್ಪಿಗೆ ಪಡೆಯಲು ಅಡ್ಡಿಯಿಲ್ಲ. ಏನು ಮಾಡುತ್ತೇವೆ, ಯಾಕೆ, ಬೇರೆ ದಾರಿ ಏನಿದೆ, ದೊಡ್ಡ ಅಪಾಯಗಳೇನು, ಮಾಡಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಿಷ್ಟು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೋಗಬೇಕು. ಕನ್ನಡ ಮಾತ್ರ ಬಲ್ಲವರಿಂದ ಇಂಗ್ಲಿಷ್ ಫಾರಂಗೆ, ಅದೂ ಅಡ್ಮಿಷನ್ ಕೌಂಟರಿನಲ್ಲಿ ಹತ್ತು ಕಡೆ ಸಹಿ ಹಾಕಿಸಿಕೊಂಡರೆ ಅದು ಬರೀ ಕಾಗದ. ಆಪರೇಷನ್ ಮಾಡುವವರೇ ಮಾತಾಡಬೇಕು, ಹಿಂದಿನ ದಿನವೇ ಆದರೆ ಒಳ್ಳೆಯದು. ‘ನಾನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ’ ಎಂದು ಕೇಳಿ, ರೋಗಿ ಕೊಟ್ಟ ಉತ್ತರದ ಒಂದು ಸಾಲನ್ನು ಸಮಯ ಹಾಕಿ ಕೇಸ್ ಶೀಟಿನಲ್ಲಿ, ಅಂದರೆ ರೋಗಿಯ ಚಿಕಿತ್ಸಾ ದಾಖಲೆಯಲ್ಲಿ, ಬರೆದರೆ, ಹತ್ತು ಸಹಿಗಿಂತ ಅದು ಗಟ್ಟಿ. ಚಿಕಿತ್ಸೆ ಬೇಡವೆಂದು ಹೊರಟವರಿಗೂ ಇದೇ ಕ್ರಮ. ‘ಸ್ವಂತ ಜವಾಬ್ದಾರಿ ಮೇಲೆ ಹೋದರು’ ಎಂಬ ರಬ್ಬರ್ ಸ್ಟ್ಯಾಂಪ್ ಸಾಲದು, ಹೋದರೆ ಆಗಬಹುದಾದ ತೊಂದರೆಯನ್ನು ಹೇಳಿದ್ದೂ ಬರಹದಲ್ಲಿರಬೇಕು.

ಬರೆಯದಿದ್ದರೆ ಮಾಡಿಲ್ಲ

2013ರಲ್ಲಿ ಸುಮಾರು ₹6 ಕೋಟಿ ಪರಿಹಾರ ಕೊಡಿಸಿದ ಕೋಲ್ಕತ್ತದ ಪ್ರಕರಣದಲ್ಲಿ ತಪ್ಪು ಶುರುವಾದದ್ದು ದೀರ್ಘಕಾಲ ಕೆಲಸ ಮಾಡುವ ಸ್ಟೀರಾಯ್ಡ್ ಒಂದರ ಡೋಸಿನಲ್ಲಿ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಕೊಡುವ ಔಷಧವನ್ನು 80 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಬರೆಯಲಾಗಿತ್ತು. ಜ್ವರ, ನಾಡಿ, ಬಿ.ಪಿ.ಗಳನ್ನು ಸರಿಯಾಗಿ ದಾಖಲಿಸಿರಲಿಲ್ಲ ಎಂಬುದೂ ಆಸ್ಪತ್ರೆಯ ವಿರುದ್ಧ ಹೋಯಿತು.

ವಾರ್ಡುಗಳಲ್ಲಿ ಇಂದಿಗೂ ಕಾಣುವ ಸಾಲು: ‘ರೋಗಿ ಸ್ಥಿರ, ಸಿಎಸ್‌ಟಿ’. ಅದೇ ಚಿಕಿತ್ಸೆ ಮುಂದುವರಿಸಿ ಎಂದರ್ಥ. ಯಾರು ನೋಡಿದರು, ಎಷ್ಟು ಗಂಟೆಗೆ, ನಾಡಿ ಎಷ್ಟಿತ್ತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ‘ರಾತ್ರಿ 10.40, ಹೊಟ್ಟೆ ಮೃದು, ವಾಂತಿ ಇಲ್ಲ, ನಾಡಿ 88, ಬಿ.ಪಿ. 124/80, ಬೆಳಿಗ್ಗೆ 6ಕ್ಕೆ ಮತ್ತೆ ನೋಡುವುದು, ನೋವು ಹೆಚ್ಚಾದರೆ ಸರ್ಜನ್‌ಗೆ ಫೋನ್’ ಎಂದು ಬರೆಯಲು ಒಂದು ನಿಮಿಷ ಸಾಕು. ಇಲ್ಲದ ಲಕ್ಷಣವನ್ನು ಇಲ್ಲ ಎಂದು ಬರೆಯುವುದು ಮುಖ್ಯ, ಹುಡುಕಿ ನೋಡಿದ್ದಕ್ಕೆ ಅದೇ ಪುರಾವೆ. ತಪ್ಪು ಬರೆದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ದಿನಾಂಕ, ಸಮಯ ಹಾಕಿ. ವೈಟ್ನರ್ ಬೇಡ. ತಡವಾಗಿ ಬರೆದದ್ದನ್ನು ತಡವಾಗಿ ಬರೆದದ್ದು ಎಂದೇ ಗುರುತಿಸಿ. ಕೇಸಿನ ನೋಟಿಸ್ ಬಂದ ಮೇಲೆ ಒಂದಕ್ಷರ ಸೇರಿಸಿದರೂ, ಅದು ನಿಜವೇ ಆಗಿದ್ದರೂ, ಇಡೀ ಕಡತದ ಮೇಲಿನ ನಂಬಿಕೆ ಹೋಗುತ್ತದೆ.

2002ರ ವೈದ್ಯಕೀಯ ಮಂಡಳಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೊಡದೆ ಸತಾಯಿಸುವುದೇ ಎಷ್ಟೋ ಮನೆಯವರನ್ನು ವಕೀಲರ ಬಾಗಿಲಿಗೆ ಕಳಿಸುತ್ತದೆ. ಇವೇ ನಿಯಮಗಳು ಕಮಿಷನ್ ಪಡೆಯುವುದನ್ನೂ ನಿಷೇಧಿಸಿವೆ, 2009ರ ತಿದ್ದುಪಡಿ ಔಷಧ ಕಂಪನಿಗಳ ಉಡುಗೊರೆಗಳನ್ನೂ ಸೇರಿಸಿತು.

ಮಾತಿನ ಮಹತ್ವಕ್ಕೆ ಅಂಕಿಗಳೇ ಇವೆ. 1997ರ ಅಮೆರಿಕದ ಅಧ್ಯಯನವೊಂದರಲ್ಲಿ ಎಂದೂ ಕೇಸು ಎದುರಿಸದ ಪ್ರಾಥಮಿಕ ಚಿಕಿತ್ಸಾ ವೈದ್ಯರು ರೋಗಿಗೆ ಸರಾಸರಿ 18.3 ನಿಮಿಷ ಕೊಟ್ಟಿದ್ದರು, ಕೇಸು ಎದುರಿಸಿದವರು 15 ನಿಮಿಷ. ಮೊದಲನೆಯವರು ಮುಂದೇನು ಮಾಡುತ್ತೇವೆಂದು ವಿವರಿಸುತ್ತಿದ್ದರು, ಹೆಚ್ಚು ನಗುತ್ತಿದ್ದರು. ಶಸ್ತ್ರಚಿಕಿತ್ಸಕರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಏನಾದರೂ ಎಡವಟ್ಟಾದಾಗ ಹಿರಿಯ ವೈದ್ಯರೇ ಅದೇ ದಿನ ಮನೆಯವರನ್ನು ಕೂರಿಸಿಕೊಂಡು, ಗೊತ್ತಿರುವ ಸಂಗತಿಯನ್ನು ಹೇಳಬೇಕು. ಊಹೆ ಬೇಡ, ಇನ್ನೊಬ್ಬ ಡಾಕ್ಟರನ್ನು ದೂರುವುದೂ ಬೇಡ.

ಇಷ್ಟಾದರೂ ನೋಟಿಸ್ ಬಂದರೆ ಗಡಿಯಾರ ಓಡತೊಡಗುತ್ತದೆ. ಗ್ರಾಹಕ ಆಯೋಗದ ನೋಟಿಸ್ ದೂರಿನ ಪ್ರತಿಯೊಂದಿಗೆ ಕೈಸೇರಿದ ದಿನದಿಂದ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನು 15 ದಿನ. 45 ದಿನ ಮೀರಿದರೆ ಆಯೋಗವೂ ಅವಕಾಶ ಕೊಡಲಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಮೊದಲ ದಿನವೇ ಮೂಲ ಕಡತವನ್ನು ಬೀಗ ಹಾಕಿಟ್ಟು, ಪ್ರತಿಯನ್ನು ವಕೀಲರಿಗೂ ವಿಮಾ ಕಂಪನಿಗೂ ಕಳಿಸಬೇಕು. ವೃತ್ತಿ ವಿಮೆಯ ಪಾಲಿಸಿಗಳು ಸಾಮಾನ್ಯವಾಗಿ ದೂರು ಬಂದ ವರ್ಷದ ಲೆಕ್ಕದಲ್ಲಿ ನಡೆಯುತ್ತವೆ. ನವೀಕರಣ ಒಂದು ವರ್ಷ ತಪ್ಪಿದರೆ ಹಿಂದಿನ ವರ್ಷಗಳ ಚಿಕಿತ್ಸೆಗಿದ್ದ ರಕ್ಷಣೆಯೂ ಕೈತಪ್ಪಬಹುದು. ನಿವೃತ್ತರಾಗುವವರು ಪಾಲಿಸಿ ನಿಲ್ಲಿಸುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಬೇಕು.